ಬಸುರಿಯನ್ನು ಕೇಳದೆ ಬಸುರಿಗೆ ಮದ್ದು ಹೇಗೆ?

ಕೇಳುಗರೆಲ್ಲರಿಗೂ ನಮಸ್ಕಾರ.

ನಿಮ್ಮ ಮನೆಯಲ್ಲಿ ಯಾವುದಾದರೂ ಔಷಧಿ ಡಬ್ಬಿ ಇದ್ದರೆ ಅದರೊಳಗೆ ಮಡಚಿಟ್ಟ ತೆಳ್ಳನೆ ಕಾಗದ ಒಂದಿರುತ್ತದೆ. ಇರುವೆ ಸಾಲಿನ ಹಾಗೆ ಅಕ್ಷರ. ಯಾರೂ ಓದುವುದಿಲ್ಲ. ಒಂದು ಸಲ ಬಿಡಿಸಿ, ಬಸುರಿಯರ ಬಗ್ಗೆ ಏನು ಬರೆದಿದೆ ನೋಡಿ. ಎಷ್ಟೋ ಔಷಧಿಗಳಲ್ಲಿ ಸಿಗುವುದು ಒಂದೇ ಮಾತು. ಬಸುರಿಯರಲ್ಲಿ ಇದನ್ನು ಸರಿಯಾಗಿ ಪರೀಕ್ಷೆ ಮಾಡಿ ನೋಡಿಲ್ಲ, ಡಾಕ್ಟರನ್ನು ಕೇಳಿ ಅಂತ. ಡಾಕ್ಟರ್ ಯಾರನ್ನು ಕೇಳಬೇಕು?

ನಾನು ಬೆಂಗಳೂರಿನಲ್ಲಿ ರಿಸರ್ಚ್ ನರ್ಸ್. ಮೊದಲು ಹೆರಿಗೆ ವಾರ್ಡಿನಲ್ಲಿದ್ದೆ. ಈಗ ಬಸುರಿಯರ ಮತ್ತು ಹಸುಗೂಸುಗಳ ಟ್ರಯಲ್‌ಗಳಲ್ಲಿ, ಅಂದರೆ ಮದ್ದು, ಚಿಕಿತ್ಸೆಗಳನ್ನು ಜನರಲ್ಲಿ ಕ್ರಮವಾಗಿ ಪರೀಕ್ಷಿಸಿ ನೋಡುವ ಕಡೆ, ಕೆಲಸ ಮಾಡಲು ಬರುವ ಹೊಸ ಹುಡುಗಿಯರಿಗೆ ತರಬೇತಿ ಕೊಡುತ್ತೇನೆ. ಮೊದಲ ದಿನವೇ ಅವರು ಕೇಳುತ್ತಾರೆ. "ಮೇಡಂ, ಹೊಟ್ಟೇಲಿ ಮಗು ಇರೋರ ಮೇಲೆ ಇದೆಲ್ಲ ಮಾಡೋದು ತಪ್ಪಲ್ವಾ?" ಒಳ್ಳೆ ಪ್ರಶ್ನೆ. ನಿಮಗೂ ಅದೇ ಅನ್ನಿಸಿರಬಹುದು.

ಈ ಭಯ ಹುಟ್ಟಿದ್ದು ಥಾಲಿಡೊಮೈಡ್ ಅನ್ನುವ ಮಾತ್ರೆಯಿಂದ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂತು. ಬಸುರಿಯರ ವಾಂತಿಗೆ, ನಿದ್ದೆಗೆ ಅಂತ ಕೊಟ್ಟರು. 1961ರ ಕೊನೆಗೆ ವಾಪಸ್ ತಗೊಳ್ಳುವಷ್ಟರಲ್ಲಿ ಎಷ್ಟೋ ದೇಶಗಳಲ್ಲಿ ಒಟ್ಟು 10,000ಕ್ಕೂ ಜಾಸ್ತಿ ಮಕ್ಕಳಿಗೆ ಕೈಕಾಲು ಬೆಳೆಯದೆ ಹೋಗುವಂಥ ತೊಂದರೆ ಆಗಿತ್ತು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಅನ್ನುವ ಅಧಿಕಾರಿ, ಸಾಕಷ್ಟು ಪುರಾವೆ ಕೊಡಿ ಅಂತ ಪಟ್ಟು ಹಿಡಿದು ಕೂತರು, ಅಲ್ಲಿ ಮಾರಾಟಕ್ಕೆ ಒಪ್ಪಿಗೆ ಸಿಗಲಿಲ್ಲ.

ಈ ಕತೆ ಕೇಳಿದವರು ಬಸುರಿಯರನ್ನು ಟ್ರಯಲ್‌ಗೆ ಸೇರಿಸಲೇಬಾರದು ಅಂತ ತೀರ್ಮಾನಿಸಿಬಿಟ್ಟರು. ನನಗೆ ಕಾಣುವುದು ಬೇರೆ. ಆ ಮಕ್ಕಳಿಗೆ ತೊಂದರೆ ಆದದ್ದು ಟ್ರಯಲ್‌ನಿಂದಲ್ಲ. ಬಸುರಿಯರಲ್ಲಿ ಸರಿಯಾದ ಟ್ರಯಲ್ ಮಾಡದೆಯೇ ಮಾತ್ರೆಯನ್ನು ಅಂಗಡಿಗೆ ಬಿಟ್ಟದ್ದರಿಂದ. ಬಸುರಿಗೆ ಬಿಪಿ ಏರುತ್ತದೆ, ಫಿಟ್ಸ್ ಬರುತ್ತದೆ, ಶುಗರ್ ಇರುತ್ತದೆ, ದಮ್ಮು ಇರುತ್ತದೆ. ಮದ್ದು ಕೊಡದೆ ಇರೋಕೆ ಆಗುತ್ತಾ? ಪರೀಕ್ಷೆ ಆಗದ ಮದ್ದು ಕೊಟ್ಟರೆ ಅದೂ ಒಂದು ಪ್ರಯೋಗವೇ. ಲೆಕ್ಕ ಬರೆದುಕೊಳ್ಳುವವರು ಇರುವುದಿಲ್ಲ ಅಷ್ಟೇ.

ಲೆಕ್ಕ ಬರೆದುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ 2000ದ ದಶಕದ ಮೊದಲ ವರ್ಷಗಳಲ್ಲಿ ಒಂದು ಟ್ರಯಲ್ ಆಯಿತು. ಹೆರಿಗೆ ಆದ ಮೇಲೆ ರಕ್ತ ನಿಲ್ಲದೆ ತಾಯಂದಿರು ಸಾಯುತ್ತಿದ್ದರು. ರಕ್ತ ನಿಲ್ಲಿಸುವ ಆಕ್ಸಿಟೋಸಿನ್ ಇಂಜೆಕ್ಷನ್ನನ್ನು ತಣ್ಣಗೆ ಇಡಬೇಕು, ಚುಚ್ಚಲು ಬರುವವರು ಬೇಕು. ಮಿಸೊಪ್ರೊಸ್ಟಾಲ್ ಮಾತ್ರೆಯಾದರೆ ನುಂಗಿಸಬಹುದು. ಅದು ಕೆಲಸ ಮಾಡುತ್ತದಾ? 1,620 ತಾಯಂದಿರು ಸೇರಿದರು. ಮಾತ್ರೆ ಕೊಟ್ಟವರು ದೊಡ್ಡಾಸ್ಪತ್ರೆಯ ಡಾಕ್ಟರಲ್ಲ, ಹಳ್ಳಿಯ ಎಎನ್‌ಎಂ ಸಿಸ್ಟರ್‌ಗಳು. ಹೋಲಿಸಿ ನೋಡಲು ಅರ್ಧ ಜನಕ್ಕೆ ಕೊಟ್ಟ ಮದ್ದಿಲ್ಲದ ಮಾತ್ರೆ ತಗೊಂಡವರಲ್ಲಿ ನೂರಕ್ಕೆ 12 ಜನಕ್ಕೆ ಜಾಸ್ತಿ ರಕ್ತ ಹೋಯಿತು. ಮಿಸೊಪ್ರೊಸ್ಟಾಲ್ ತಗೊಂಡವರಲ್ಲಿ ಅದು ಆರು ಚಿಲ್ಲರೆಗೆ ಇಳಿಯಿತು. 2006ರಲ್ಲಿ ಫಲಿತಾಂಶ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕೆ ಈ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ನನಗೆ ಇಷ್ಟವಾಗುವುದು ಆ ಟ್ರಯಲ್‌ನ ಇನ್ನೊಂದು ವಿಷಯ. ರಕ್ತ ಎಷ್ಟು ಹೋಯಿತು ಅಂತ ಅಳೆಯುವುದು ಹೇಗೆ? ಬಟ್ಟೆ ನೆನೆದಿರುತ್ತದೆ, ನೀರೂ ಸೇರಿರುತ್ತದೆ. ಕಣ್ಣಳತೆಯಲ್ಲಿ ನಾವು ಯಾವಾಗಲೂ ಕಮ್ಮಿ ಹೇಳುತ್ತೇವೆ. ಹೆರಿಗೆ ಕೋಣೆಯಲ್ಲಿ ವರ್ಷಗಟ್ಟಲೆ ನಿಂತ ನಾನೂ ಕಮ್ಮಿಯೇ ಹೇಳಿದ್ದೇನೆ. ಅದಕ್ಕೆ ಅಲ್ಲಿ ಒಂದು ಪ್ಲಾಸ್ಟಿಕ್ ಹಾಳೆ ಮಾಡಿಕೊಂಡರು. ಮಗು ಹುಟ್ಟಿದ ತಕ್ಷಣ ತಾಯಿಯ ಸೊಂಟದ ಕೆಳಗೆ ಹಾಸುವುದು. ಹಾಳೆಯ ತುದಿ ಲಾಳಿಕೆಯ ಹಾಗೆ ಕಿರಿದಾಗುತ್ತಾ ಚೀಲದಂತೆ ಕೆಳಗೆ ಇಳಿಬಿದ್ದಿರುತ್ತದೆ, ಚೀಲದ ಮೇಲೆ ಮಿಲಿಲೀಟರ್ ಗೆರೆ. ರಕ್ತ ಅದರೊಳಗೆ ಇಳಿಯುತ್ತದೆ, ಗೆರೆ ನೋಡಿ ಬರೆದುಕೊಳ್ಳುತ್ತೀರಿ. 500ರ ಗೆರೆ ಮುಟ್ಟಿತೋ, ಓಡಬೇಕು. ಇಂಥ ಗೆರೆಯ ಹಾಳೆಯನ್ನೇ ಇಟ್ಟುಕೊಂಡು, ಅದರ ಜೊತೆ ಚಿಕಿತ್ಸೆಗಳನ್ನೆಲ್ಲ ಒಟ್ಟಿಗೇ ಶುರು ಮಾಡುವ ಕ್ರಮವನ್ನು ಆಮೇಲೆ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ, 2 ಲಕ್ಷಕ್ಕೂ ಜಾಸ್ತಿ ಹೆರಿಗೆಗಳಲ್ಲಿ ಪರೀಕ್ಷೆ ಮಾಡಿದರು. ಫಲಿತಾಂಶ 2023ರಲ್ಲಿ ಬಂತು. ತೀವ್ರ ರಕ್ತಸ್ರಾವ ಮತ್ತು ಅದರಿಂದ ಆಗುವ ಅಪಾಯ ನೂರಕ್ಕೆ 60ರಷ್ಟು ಇಳಿದಿತ್ತು. ತರಬೇತಿಗೆ ಬಂದವರ ಕೈಗೆ ನಾನು ಮೊದಲು ಕೊಡುವುದು ಇಂಥದ್ದೇ ಒಂದು ಹಾಳೆ, ಒಂದು ಜಗ್ ಕೆಂಪು ಬಣ್ಣದ ನೀರು. ಬಟ್ಟೆ ಮೇಲೆ ಸುರಿದು ಎಷ್ಟಿರಬಹುದು ಹೇಳಿ ಅನ್ನುತ್ತೇನೆ. ಆಮೇಲೆ ಚೀಲಕ್ಕೆ ಸುರಿಸುತ್ತೇನೆ. ಕೋಣೆ ಸುಮ್ಮನಾಗುತ್ತದೆ.

ನಮ್ಮ ಬೆಂಗಳೂರಿನ ಮಾತಿಗೆ ಬರೋಣ. ಬಸುರಿಯರಿಗೆ ಕ್ಯಾಲ್ಸಿಯಂ ಮಾತ್ರೆ ಕೊಡುವುದು ಮೂಳೆಗೆ ಅಂತ ಜನ ಅಂದುಕೊಂಡಿದ್ದಾರೆ. ಊಟದಲ್ಲಿ ಕ್ಯಾಲ್ಸಿಯಂ ಕಮ್ಮಿ ಇರುವ ಕಡೆ ಅದು ಬಿಪಿ ಏರಿ ಆಗುವ ಪ್ರೀಎಕ್ಲಾಂಪ್ಸಿಯಾವನ್ನೂ ತಡೆಯುತ್ತದೆ. ಇಂಥ ಕಡೆ ದಿನಕ್ಕೆ 1,500ರಿಂದ 2,000 ಮಿಲಿಗ್ರಾಂ ಕೊಡಿ ಅನ್ನುತ್ತಿತ್ತು ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಮೂರೋ ನಾಲ್ಕೋ ದಪ್ಪ ಮಾತ್ರೆ. ಕಬ್ಬಿಣದ ಮಾತ್ರೆ ಜೊತೆ ತಗೊಳ್ಳುವ ಹಾಗಿಲ್ಲ, ನಡುವೆ ಅಂತರ ಬಿಡಬೇಕು. ಬೆಳಗ್ಗೆ ಗಾರ್ಮೆಂಟ್ಸ್ ಕೆಲಸಕ್ಕೆ ಓಡುವ ಹೆಣ್ಣುಮಗಳು ದಿನವಿಡೀ ಮಾತ್ರೆ ಲೆಕ್ಕ ಹಾಕಿಕೊಂಡು ಕೂರೋಕಾಗುತ್ತಾ? ಒಂದೇ ಮಾತ್ರೆ, 500 ಮಿಲಿಗ್ರಾಂ, ಸಾಕಾ ಅಂತ ನೋಡಲು ಬೆಂಗಳೂರಿನಲ್ಲಿ 11,000 ಚೊಚ್ಚಲ ಬಸುರಿಯರು, ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ಇನ್ನೊಂದು 11,000 ಮಂದಿ ಸೇರಿದರು. ಇಲ್ಲಿ ನಡೆಸಿದ್ದು ಸೇಂಟ್ ಜಾನ್ಸ್ ರಿಸರ್ಚ್ ಇನ್‌ಸ್ಟಿಟ್ಯೂಟಿನವರು. ಎಲ್ಲರೂ ಮೂರು ಮಾತ್ರೆ ನುಂಗಿದರು. ಅರ್ಧ ಜನರ ಮೂರರಲ್ಲೂ ಕ್ಯಾಲ್ಸಿಯಂ, ಇನ್ನರ್ಧ ಜನರದ್ದರಲ್ಲಿ ಒಂದರಲ್ಲಿ ಮಾತ್ರ. 2024ರ ಜನವರಿಯಲ್ಲಿ ಉತ್ತರ ಬಂತು. ಬೆಂಗಳೂರಿನಲ್ಲಿ ಪ್ರೀಎಕ್ಲಾಂಪ್ಸಿಯಾ ಆದದ್ದು ಒಂದು ಮಾತ್ರೆಯವರಲ್ಲಿ ನೂರಕ್ಕೆ 3, ಮೂರು ಮಾತ್ರೆಯವರಲ್ಲಿ 3.6. ಈ ವಿಷಯದಲ್ಲಿ ಒಂದು ಮಾತ್ರೆ ಮೂರಕ್ಕೆ ಸಮ, ಎರಡೂ ಊರಿನಲ್ಲಿ. ಆದರೆ ತಿಂಗಳು ತುಂಬುವ ಮೊದಲೇ ಆಗುವ ಹೆರಿಗೆಯ ಲೆಕ್ಕದಲ್ಲಿ ಬೆಂಗಳೂರಿನಲ್ಲಿ ಸಮ ಅಂತ ಹೇಳಲು ಆಯಿತು, ತಾಂಜಾನಿಯಾದಲ್ಲಿ ಆಗಲಿಲ್ಲ.

ಅದೇ ಮಾತ್ರೆ, ಊರು ಬೇರೆ, ಉತ್ತರ ಬೇರೆ. ಇದಕ್ಕಿಂತ ಮನಸ್ಸು ಕಲಕುವ ಇನ್ನೊಂದು ಉದಾಹರಣೆ ಇದೆ. ಹುಟ್ಟುವಾಗ ಉಸಿರು ಸಿಗದೆ ಮಿದುಳಿಗೆ ಪೆಟ್ಟಾದ ಮಗುವಿನ ಮೈಯನ್ನು 72 ಗಂಟೆ, ಸುಮಾರು 33.5 ಡಿಗ್ರಿ ಸೆಲ್ಸಿಯಸ್‌ಗೆ ತಂಪಾಗಿಡುವ ಚಿಕಿತ್ಸೆ ಇದೆ. ಶ್ರೀಮಂತ ದೇಶಗಳಲ್ಲಿ ಅದು ಮಕ್ಕಳನ್ನು ಉಳಿಸಿದೆ, ಟ್ರಯಲ್‌ಗಳೇ ಹೇಳಿವೆ. ನಮ್ಮಲ್ಲೂ ಶುರು ಮಾಡಿದ್ದರು. ಆಮೇಲೆ ಭಾರತ, ಶ್ರೀಲಂಕಾ, ಬಾಂಗ್ಲಾದೇಶದ ಏಳು ಎನ್‌ಐಸಿಯುಗಳಲ್ಲಿ, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕಗಳಲ್ಲಿ, 408 ಮಕ್ಕಳ ಮೇಲೆ ಸರಿಯಾದ ಟ್ರಯಲ್ ಆಯಿತು. 2021ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ತಂಪು ಮಾಡಿದ ಮಕ್ಕಳಲ್ಲಿ ನೂರಕ್ಕೆ 42 ಸತ್ತಿದ್ದವು, ಮಾಡದವರಲ್ಲಿ 31. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಟ್ರಯಲ್ ಮಾಡದೆ ಹೋಗಿದ್ದರೆ ಒಳ್ಳೆಯ ಮನಸ್ಸಿನಿಂದಲೇ ಇನ್ನೂ ಎಷ್ಟು ಕೂಸುಗಳಿಗೆ ಹಾಗೆ ಮಾಡುತ್ತಿದ್ದೆವೋ.

ಇದಕ್ಕೆ ತದ್ವಿರುದ್ಧ ನೋಡಿ, ಖರ್ಚೇ ಇಲ್ಲದ ಒಂದು ಚಿಕಿತ್ಸೆ. ಕಮ್ಮಿ ತೂಕದ ಮಗುವನ್ನು ಅಮ್ಮನ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಹುಟ್ಟಿದ ಕೂಡಲೇ ಕಟ್ಟಿಡುವುದು, ಕಾಂಗರೂ ಆರೈಕೆ. ಭಾರತವೂ ಸೇರಿ ಐದು ದೇಶಗಳಲ್ಲಿ 3,211 ಮಕ್ಕಳು ಇದ್ದ ಟ್ರಯಲ್‌ನಲ್ಲಿ ತಿಂಗಳೊಳಗಿನ ಸಾವು ಕಾಲು ಭಾಗದಷ್ಟು ಕಮ್ಮಿಯಾಯಿತು. ಪ್ರಯೋಜನ ಕಣ್ಣಿಗೆ ಕಾಣುವಷ್ಟು ಇದ್ದದ್ದರಿಂದ ಟ್ರಯಲನ್ನು ಮೊದಲೇ ನಿಲ್ಲಿಸಿದರು.

ಈ ಅಂಕಿಗಳೆಲ್ಲ ಎಲ್ಲಿಂದ ಬರುತ್ತವೆ? ಒಬ್ಬ ಹುಡುಗಿ ಒಂದು ಫಾರ್ಮಿನ ಮೇಲೆ ಪೆನ್ನಿನಲ್ಲಿ ಬರೆಯುವುದರಿಂದ. ಅದಕ್ಕೇ ತರಬೇತಿ. ಬಿಪಿ ನೋಡುವ ಮೊದಲು ಐದು ನಿಮಿಷ ಸುಮ್ನೆ ಕೂರಿಸಬೇಕು, ಬೆನ್ನಿಗೆ ಒರಗು ಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು. ಮೆಟ್ಟಿಲು ಹತ್ತಿ ಬಂದವಳಿಗೆ ನಿಂತಲ್ಲೇ ಪಟ್ಟಿ ಸುತ್ತಿದರೆ ಆ ಅಂಕಿ ಸುಳ್ಳು. ತಪ್ಪು ಬರೆದರೆ ವೈಟ್ನರ್ ಹಚ್ಚುವಂತಿಲ್ಲ. ಒಂದೇ ಗೆರೆ ಎಳೆದು, ಕೆಳಗಿನದು ಓದಲು ಬರುವ ಹಾಗೆ ಬಿಟ್ಟು, ಪಕ್ಕದಲ್ಲಿ ಸರಿ ಬರೆದು, ಸಹಿ, ತಾರೀಕು ಹಾಕಬೇಕು. ಕೊನೆಯ ಮುಟ್ಟಿನ ದಿನ ಕೇಳಿದರೆ "ಯುಗಾದಿ ಆಗಿ ಒಂದು ವಾರಕ್ಕೆ" ಅನ್ನುತ್ತಾರೆ, ಆಗ ಕ್ಯಾಲೆಂಡರ್ ತೆಗೆದು ಜೊತೆಗೆ ಕೂತು ಎಣಿಸಬೇಕು. ಮಾತ್ರೆ ಉಳಿದರೆ ಬೈಯಬಾರದು. ಬೈದರೆ ಮುಂದಿನ ಸಲ ಉಳಿದದ್ದನ್ನು ಬಚ್ಚಲಿಗೆ ಎಸೆದು ಖಾಲಿ ಡಬ್ಬಿ ತರುತ್ತಾರೆ, ನಮ್ಮ ಲೆಕ್ಕವೆಲ್ಲ ಹಾಳು.

ಎಲ್ಲಕ್ಕಿಂತ ಕಷ್ಟ ಒಪ್ಪಿಗೆ ತಗೊಳ್ಳುವುದು. ಪ್ರಯೋಗ ಅಂದರೆ "ನನ್ನ ಮೇಲೆ ಪ್ರಯೋಗ ಮಾಡ್ತೀರಾ ಸಿಸ್ಟರ್?" ಅಂತ ಹೆದರುತ್ತಾರೆ. ಅಧ್ಯಯನ ಅಂದರೆ ಯಾರೋ ಓದುವುದಕ್ಕೆ ಅಂದುಕೊಳ್ಳುತ್ತಾರೆ. ಸುಳ್ಳು ಮಾತ್ರೆ ಅನ್ನಲೇಬಾರದು, ಮೋಸ ಅನ್ನಿಸುತ್ತದೆ. ಮದ್ದಿಲ್ಲದ ಮಾತ್ರೆ ಅನ್ನಿ. ಯಾರಿಗೆ ಯಾವುದು ಅಂತ ಡಾಕ್ಟರ್ ಆರಿಸುವುದಿಲ್ಲ, ಚೀಟಿ ಎತ್ತಿದ ಹಾಗೆ ಅನ್ನಿ. ಇದೇ ಮಾತನ್ನು ತಮಿಳಿನಲ್ಲಿ, ತೆಲುಗಿನಲ್ಲಿ, ಉರ್ದುವಿನಲ್ಲಿ ಹೇಳಲು ಬರಬೇಕು, ಇದು ಬೆಂಗಳೂರು. ಇನ್ನು ಅತ್ತೆ ಪಕ್ಕದಲ್ಲಿ ಕೂತು "ನಮ್ಮ ಸೊಸೆ ಸೇರ್ತಾಳೆ, ಬರ್ಕೊಳ್ಳಿ" ಅನ್ನುತ್ತಾರೆ. ಆಗ "ಸರಿ ಅಮ್ಮ, ಅವರ ಬಾಯಲ್ಲೂ ಒಂದು ಸಲ ಕೇಳ್ತೀನಿ" ಅಂತ ಮೆಲ್ಲಗೆ ಹೇಳಿ ಅವಳ ಕಡೆ ತಿರುಗಬೇಕು.

ನಾನು ಇದನ್ನು ಕಲಿತದ್ದು ತಪ್ಪು ಮಾಡಿ. ತುಂಬಾ ವರ್ಷಗಳ ಹಿಂದೆ, ಒಂದು ಆಸ್ಪತ್ರೆಯಲ್ಲಿ, ನೋವು ತಿನ್ನುತ್ತಿದ್ದ ಹೆಂಗಸಿಗೆ ಎರಡು ನೋವಿನ ನಡುವೆ ಕಾಗದ ಓದಿ ಹೇಳಿ ಸಹಿ ಹಾಕಿಸಿದೆ. ಮಾರನೇ ದಿನ ಮಗುವಿಗೆ ಹಾಲು ಕುಡಿಸುತ್ತಿದ್ದಳು. ನಿನ್ನೆ ಯಾವುದಕ್ಕೆ ಸಹಿ ಹಾಕಿದಿರಿ ನೆನಪಿದೆಯಾ ಅಂದೆ. "ಆಪರೇಷನ್‌ಗೆ ಅಲ್ವಾ ಅಕ್ಕ?" ಅಂದಳು. ಅದು ಆಪರೇಷನ್ನಿನದಲ್ಲ. ಅವಳಿಗೆ ಆಪರೇಷನ್ ಆಗಿಯೂ ಇರಲಿಲ್ಲ. ಇವತ್ತಿಗೂ ಹೊಸಬರಿಗೆ ಆ ಮುಖದ ಬಗ್ಗೆ ಹೇಳುತ್ತೇನೆ. ನೋವು ಶುರುವಾಗುವ ಮೊದಲೇ, ತಿಂಗಳ ಚೆಕಪ್ಪಿಗೆ ಬಂದಾಗಲೇ ಹೇಳಿ. ಹೇಳಿದ ಮೇಲೆ, ನಾನು ಏನು ಹೇಳಿದೆ ನಿಮ್ಮ ಮಾತಲ್ಲಿ ಹೇಳಿ ಅಂತ ಕೇಳಿ. ಹೇಳಲು ಬರದಿದ್ದರೆ ಅವರ ತಪ್ಪಲ್ಲ, ಮತ್ತೆ ಮೊದಲಿಂದ.

ನಿಮ್ಮನ್ನೋ ನಿಮ್ಮ ಮನೆ ಮಗಳನ್ನೋ ಯಾರಾದರೂ ಹೀಗೆ ಕೇಳಿದರೆ ಗಾಬರಿ ಬೇಡ. ಇದನ್ನು ಎಥಿಕ್ಸ್ ಕಮಿಟಿ, ಅಂದರೆ ಟ್ರಯಲ್ ನ್ಯಾಯವಾಗಿದೆಯಾ ಅಂತ ನೋಡುವ ಸಮಿತಿ, ಒಪ್ಪಿದೆಯಾ ಕೇಳಿ. ಹೊಸ ಔಷಧಿಗಳ ಟ್ರಯಲ್‌ಗೆ ಇರುವ 2019ರ ನಿಯಮದ ಪ್ರಕಾರ ಅದರಲ್ಲಿ ಕನಿಷ್ಠ ಏಳು ಜನ ಇರಬೇಕು, ಕಾನೂನು ತಿಳಿದವರು, ಒಬ್ಬ ಹೆಂಗಸು, ನಮ್ಮ ನಿಮ್ಮಂಥ ಸಾಮಾನ್ಯರೊಬ್ಬರೂ ಇರಬೇಕು. ಸಿಟಿಆರ್‌ಐ ನಂಬರ್ ಕೇಳಿ, ಅದು ಟ್ರಯಲ್‌ಗಳನ್ನು ನೋಂದಾಯಿಸುವ ನಮ್ಮ ದೇಶದ ಪಟ್ಟಿ. 2009ರಿಂದ ನಮ್ಮ ದೇಶದಲ್ಲಿ ಔಷಧಿ ಟ್ರಯಲ್‌ಗಳನ್ನು ಅಲ್ಲಿ ನೋಂದಾಯಿಸುವುದು ಕಡ್ಡಾಯ, ಫೋನಿನಲ್ಲೇ ಯಾರು ಬೇಕಾದರೂ ನೋಡಬಹುದು. ಟ್ರಯಲ್‌ನಿಂದ ತೊಂದರೆ ಆದರೆ ಚಿಕಿತ್ಸೆ ಯಾರು ಕೊಡಿಸುತ್ತಾರೆ ಕೇಳಿ. ಮನೆಗೆ ಹೋಗಿ ಯೋಚಿಸಿ ಬರುತ್ತೇನೆ ಅನ್ನಿ. ಬೇಡ ಅಂದರೂ, ನಡುವೆ ಬಿಟ್ಟರೂ ನಿಮ್ಮ ಚೆಕಪ್, ನಿಮ್ಮ ಹೆರಿಗೆ ಎಂದಿನಂತೆ ನಡೆಯಬೇಕು. ಸೇರಿದರೆ, ಸಹಿ ಹಾಕಿದ ಪತ್ರದ ಒಂದು ಪ್ರತಿ ನಿಮಗೆ ಕೊಡಲೇಬೇಕು. ಅದನ್ನು ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್ ಇಡುವ ಪ್ಲಾಸ್ಟಿಕ್ ಕವರಿನಲ್ಲೇ ಇಡಿ, ಫೋನ್ ನಂಬರ್ ಇರುವ ಪುಟ ಮೇಲೆ ಕಾಣುವ ಹಾಗೆ ಮಡಚಿ. ರಾತ್ರಿ ಎರಡು ಗಂಟೆಗೆ ಏನಾದರೂ ಆದರೆ ನಿಮ್ಮ ಗಂಡ ಹುಡುಕುವುದು ಆ ಕವರನ್ನೇ.

ನಮಸ್ಕಾರ.