ಗೇಟಿನ ಮುಂದಿನ ಚರಂಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಸ್ಥಳೀಯ ಸೇವೆಗಳ ಬಗ್ಗೆ ಹದಿನೈದು ನಿಮಿಷ ಮಾತನಾಡಬೇಕೆಂದು ಮಡಿಕೇರಿ ಆಕಾಶವಾಣಿಯವರು ಕೇಳಿಕೊಂಡಾಗ, ಕುಡಿಯುವ ನೀರು, ಬೀದಿದೀಪ, ಕಸ, ರಸ್ತೆ, ಗ್ರಾಮಸಭೆ ಎಂಬ ಐದು ವಿಷಯಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಐದನ್ನೂ ಮುಟ್ಟುತ್ತೇನೆ. ಆದರೆ ಮೇ ತಿಂಗಳ ಕೊನೆಯ ವಾರದಲ್ಲಿ, ಮಳೆ ಹಿಡಿಯಲು ಇನ್ನು ಕೆಲವೇ ದಿನಗಳಿರುವಾಗ, ಕೊಡಗಿನಲ್ಲಿ ನಿಂತು ಚರಂಡಿಯನ್ನು ಬಿಟ್ಟು ಬೇರೆ ಮಾತನ್ನು ಮೊದಲು ಎತ್ತುವುದು ಎರಡನೆಯ ಅವಧಿಗೆ ಆಯ್ಕೆಯಾದ ನನ್ನಂಥ ಗ್ರಾಮ ಪಂಚಾಯಿತಿ ಸದಸ್ಯೆಗೆ ಸಾಧ್ಯವಿಲ್ಲ. ಈ ಹೊತ್ತಿನಲ್ಲಿ ರೇಡಿಯೊ ಹಾಕಿಕೊಂಡು ಅಕ್ಕಿರೊಟ್ಟಿ ತಟ್ಟುತ್ತಿರುವ ಅಕ್ಕಂದಿರಿಗೆ, ತೋಟಕ್ಕೆ ಹೊರಡಲು ಜೀಪಿಗಾಗಿ ಕಾಯುತ್ತಿರುವವರಿಗೆ, ಜಗಲಿಯಲ್ಲಿ ಕುಳಿತಿರುವ ಹಿರಿಯರಿಗೆ ನನ್ನ ವಿನಂತಿ ಒಂದೇ: ನಿಮ್ಮ ಗೇಟಿನ ಮುಂದಿನ ಚರಂಡಿಯನ್ನು ಈ ವಾರವೇ ತೆರೆಯಿರಿ.

ಇದಕ್ಕೆ ಇಷ್ಟೊಂದು ಅವಸರವೇಕೆ ಎನ್ನುವವರಿಗಾಗಿ ಒಂದು ಸಣ್ಣ ಲೆಕ್ಕವಿದೆ. ನಮ್ಮ ಬೆಳೆಗಾರರು ಮಳೆಯನ್ನು ಇಂದಿಗೂ ಇಂಚು ಮತ್ತು ಇಂಚಿನ ನೂರನೇ ಒಂದು ಪಾಲಾದ ಸೆಂಟುಗಳಲ್ಲಿ ಅಳೆದು ಡೈರಿಯಲ್ಲಿ ಬರೆದಿಡುತ್ತಾರೆ. ನಾಲ್ಕು ಇಂಚು ಎಂದರೆ ಸುಮಾರು 100 ಮಿಲಿಮೀಟರ್; ಜುಲೈ ತಿಂಗಳಲ್ಲಿ ನಮ್ಮಲ್ಲಿ ಅಷ್ಟು ಮಳೆ ಒಂದೇ ದಿನ ಬಿದ್ದರೆ ಅದು ಸುದ್ದಿಯೂ ಆಗುವುದಿಲ್ಲ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ಆದ್ದರಿಂದ 100 ಚದರ ಮೀಟರ್‌ನ, ಅಂದರೆ ಸಾವಿರ ಚದರ ಅಡಿಗಿಂತ ತುಸುವೇ ದೊಡ್ಡದಾದ ಒಂದು ಸೂರಿನ ಮೇಲೆ ಅಂಥ ಒಂದು ದಿನ ಬೀಳುವ ನೀರು 10,000 ಲೀಟರ್. ಜಲಜೀವನ ಯೋಜನೆಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಹಿಡಿದು ನಲ್ಲಿ ಹಾಕಿದ್ದಾರೆ. ನಾಲ್ಕು ಜನರ ಮನೆಗೆ 220 ಲೀಟರ್. ಅಂದರೆ ಒಂದು ಕುಟುಂಬ ಒಂದೂವರೆ ತಿಂಗಳು ಬಳಸುವಷ್ಟು ನೀರು ಒಂದೇ ದಿನದಲ್ಲಿ, ಒಂದೇ ಸೂರಿನಿಂದ ಕೆಳಗಿಳಿಯುತ್ತದೆ. ಇದಕ್ಕೆ ನಿಮ್ಮ ಅಂಗಳ, ಕಾಫಿ ಒಣಗಿಸುವ ಕಣ, ರಸ್ತೆಯ ಕಾಂಕ್ರೀಟು, ಮೇಲಿನ ಮನೆಯ ಹಂಚು ಎಲ್ಲವನ್ನೂ ಸೇರಿಸಿಕೊಳ್ಳಿ. ಅಷ್ಟು ನೀರು ನಿಮ್ಮ ಅನುಮತಿಗಾಗಿ ಕಾಯುವುದಿಲ್ಲ. ಚರಂಡಿ ಇದ್ದರೆ ಚರಂಡಿಯಲ್ಲಿ ಹೋಗುತ್ತದೆ, ಇಲ್ಲದಿದ್ದರೆ ಬರೆಯೊಳಗೆ, ಅಂದರೆ ಕಡಿದು ನಿಲ್ಲಿಸಿದ ಮಣ್ಣಿನ ಇಳಿಜಾರಿನೊಳಗೆ ಇಳಿಯುತ್ತದೆ. ನೆನೆದ ಬರೆಗೆ ತೂಕ ಹೆಚ್ಚು, ಹಿಡಿತ ಕಡಿಮೆ. ಬರೆ ಕುಸಿಯುವುದು ಹಾಗೆ.

2018ರ ಆಗಸ್ಟ್ ತಿಂಗಳಲ್ಲಿ ಗುಡ್ಡಗಳು ಕುಸಿದದ್ದನ್ನು ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಯ ಕಡೆಯವರಿಗೆ ನಾನು ನೆನಪಿಸಬೇಕಾಗಿಲ್ಲ. ಮನೆಗೆಂದೂ ರಸ್ತೆಗೆಂದೂ ಇಳಿಜಾರನ್ನು ನೆಟ್ಟಗೆ ಕಡಿದು ನಿಲ್ಲಿಸಿದ್ದು ಕುಸಿತಕ್ಕೆ ದೊಡ್ಡ ಕಾರಣವೆಂದು ಭೂವಿಜ್ಞಾನಿಗಳು ಅಂದೇ ಹೇಳಿದರು. ಕಡಿದದ್ದನ್ನು ಈಗ ಮತ್ತೆ ಅಂಟಿಸಲಾಗದು. ಆದರೆ ಅದರ ಮೇಲೆ ಬೀಳುವ ನೀರನ್ನು ಬದಿಗೆ ತಿರುಗಿಸಲು ಒಂದು ಗುದ್ದಲಿ ಸಾಕು.

ಇನ್ನು ನಮ್ಮ ವಾರ್ಡಿನಲ್ಲಿ ನಡೆದ ಒಂದು ಸಂಗತಿಯನ್ನು ಹೇಳಬೇಕು. ಇದನ್ನು ನಾನು ಎಲ್ಲ ಸಭೆಗಳಲ್ಲಿಯೂ ಹೇಳುತ್ತೇನೆ. ನಮ್ಮ ವಾರ್ಡಿನವರು ಕೇಳುತ್ತಿದ್ದರೆ ದಯವಿಟ್ಟು ಇನ್ನೊಮ್ಮೆ ಸಹಿಸಿಕೊಳ್ಳಬೇಕು.

ನನ್ನ ಮೊದಲ ಅವಧಿಯ ನಾಲ್ಕನೆಯ ಮಳೆಗಾಲ. ಜುಲೈ ನಡುವಿನಲ್ಲಿ ಬರುವ ಕಕ್ಕಡ ತಿಂಗಳು ಆಗತಾನೆ ಹುಟ್ಟಿತ್ತು. ಬೆಳಗಿನ ಐದು ಗಂಟೆಗೆ, ಕರೆಂಟಿಲ್ಲದ ಕತ್ತಲೆಯಲ್ಲಿ, ರಸ್ತೆಯ ಕೆಳಗಿನ ಪೈಸಾರಿಯಲ್ಲಿ, ಅಂದರೆ ಸರ್ಕಾರಿ ಜಾಗದಲ್ಲಿರುವ ಕಾಲೊನಿಯಿಂದ ಒಬ್ಬ ಅಜ್ಜ ಪಕ್ಕದ ಮನೆಯವರ ಮೊಬೈಲಿನಿಂದ ಕರೆ ಮಾಡಿ, ಒಲೆಯೊಳಗೆ ನೀರು ಬಂದಿದೆ ಎಂದರು. ಅಲ್ಲಿ ಆರು ಮನೆಗಳಿವೆ. ನೀರು ನುಗ್ಗುವುದು ಅದು ಮೂರನೆಯ ವರ್ಷ. ಮೂರು ವರ್ಷವೂ ನಮ್ಮೆಲ್ಲರ ಬಾಯಲ್ಲಿ ಇದ್ದ ಪರಿಹಾರ ಒಂದೇ, ತಡೆಗೋಡೆ. ಅದರ ಅಂದಾಜುಪಟ್ಟಿ ಲಕ್ಷಗಳಲ್ಲಿತ್ತು, ಪಂಚಾಯಿತಿಯಲ್ಲಿ ಅಷ್ಟು ಹಣವಿರಲಿಲ್ಲ. ಹಾಗಾಗಿ ಪ್ರತಿ ಸಭೆಯಲ್ಲಿ ಒಂದು ಠರಾವು ಬರೆದು ಮೇಲಕ್ಕೆ ಕಳುಹಿಸಿ ನಾವು ನಿಶ್ಚಿಂತರಾಗಿದ್ದೆವು.

ಆ ದಿನ ಮಾತ್ರ, ಅಜ್ಜನ ಒಲೆಯ ಮುಂದೆ ನಿಂತಿದ್ದಾಗ, ಈ ನೀರು ಹೊರಟದ್ದು ಎಲ್ಲಿಂದ ಎಂದು ನೋಡಿಯೇ ಬಿಡೋಣ ಅನ್ನಿಸಿತು. ನಮ್ಮ ನೀರುಗಂಟಿಯವರನ್ನು ಕರೆದುಕೊಂಡು ನೀರಿಗೆ ಎದುರಾಗಿ ಮೇಲಕ್ಕೆ ನಡೆಯತೊಡಗಿದೆ. ಅಜ್ಜನೂ ತಲೆಯ ಮೇಲೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಹಿಂದೆಯೇ ಬಂದರು. ಬೇಡವೆಂದರೂ ಕೇಳಲಿಲ್ಲ. ಮೊದಲು ಸಿಕ್ಕಿದ್ದು ರಸ್ತೆಯಡಿಯಲ್ಲಿ ನೀರು ದಾಟಿಸುವ ಮೋರಿ. ಮೋರಿಯೇ ಕಟ್ಟಿಕೊಂಡಿರಬೇಕೆಂದು ನಾವು ಊಹಿಸಿದ್ದೆವು, ಆದರೆ ಅದರ ಬಾಯಿ ಚೊಕ್ಕಟವಾಗಿತ್ತು. ತಮಾಷೆಯೆಂದರೆ ಅದರೊಳಗೆ ನೀರೇ ಇರಲಿಲ್ಲ. ಅಷ್ಟೂ ನೀರು ಮೋರಿಯನ್ನು ತಲುಪುವ ಮೊದಲೇ ರಸ್ತೆಯನ್ನು ದಾಟಿ ಕಾಲೊನಿಯ ಕಡೆಗೆ ಹಾರುತ್ತಿತ್ತು.

ಇನ್ನೊಂದು ತಿರುವು ಹತ್ತಿದಾಗ ಕಾರಣ ಕಣ್ಣಿಗೆ ಬಿತ್ತು. ಹೊಸ ಮನೆಯೊಂದಕ್ಕೆ ಜೀಪು ಒಳಗೆ ಹೋಗಲೆಂದು ಗೇಟಿನ ಮುಂದಿನ ಚರಂಡಿಗೆ ಮಣ್ಣು ತುಂಬಿ, ಮೇಲೆ ಕಾಂಕ್ರೀಟು ಹಾಕಿ, ನೀರಿಗೆಂದು ನಾಲ್ಕು ಇಂಚಿನ ಒಂದು ಪೈಪನ್ನು ಹೂತಿದ್ದರು. ಅಲ್ಲಿನ ಚರಂಡಿ ಎರಡು ಅಡಿ ಅಗಲ, ಒಂದೂವರೆ ಅಡಿ ಆಳ. ಲೆಕ್ಕ ಹಾಕಿದರೆ ಆ ಪೈಪಿನ ಬಾಯಿ ಚರಂಡಿಯ ಮೂವತ್ತರಲ್ಲಿ ಒಂದು ಪಾಲೂ ಆಗುವುದಿಲ್ಲ. ಅದರಲ್ಲಿಯೂ ಸಿಲ್ವರ್ ಓಕಿನ ಎಲೆ ತುಂಬಿತ್ತು. ಮನೆಯ ಯಜಮಾನರು ಸಜ್ಜನರು. ಹೊರಗೆ ಬಂದು, ಪೈಪು ಹಾಕಿದ್ದೇನಲ್ಲ, ಇನ್ನೇನು ಬೇಕು ಎಂದು ನಿಜವಾದ ಆಶ್ಚರ್ಯದಿಂದಲೇ ಕೇಳಿದರು. ನಾನು ಸ್ವಲ್ಪ ಗಟ್ಟಿಯಾಗಿ ಉತ್ತರಿಸಿದೆನೆಂದು ಆಮೇಲೆ ದೂರು ಬಂತು. ಇರಲಿ.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಇಷ್ಟು ನೀರು ಈ ಚರಂಡಿಗೆ ಬರುವುದೇ ತಪ್ಪಲ್ಲವೇ ಎಂದು ಅಜ್ಜ ಮೆಲ್ಲಗೆ ಹೇಳಿದರು. ನನಗೆ ಅರ್ಥವಾಗಲಿಲ್ಲ. ಅವರು ಇನ್ನೂರು ಹೆಜ್ಜೆ ಮೇಲೆ ಕರೆದುಕೊಂಡು ಹೋಗಿ, ರಸ್ತೆಯ ಆಚೆ ಬದಿಯಲ್ಲಿ ಜರಿಗಿಡವೂ ಲಂಟಾನವೂ ಮುಚ್ಚಿಕೊಂಡಿದ್ದ ಒಂದು ಮಣ್ಣಿನ ಗುಡ್ಡೆಯನ್ನು ಕತ್ತಿಯ ತುದಿಯಿಂದ ತೋರಿಸಿದರು. ಅದರಡಿಯಲ್ಲಿ ಒಂದು ತೋಡು, ಅಂದರೆ ಸಣ್ಣ ಹಳ್ಳ, ಇತ್ತು. ಮೇಲಿನ ಬಾಣೆಯ, ಅಂದರೆ ಗುಡ್ಡದ ಜಾಗದ ನೀರೆಲ್ಲ ಹಿಂದಿನ ಕಾಲದಲ್ಲಿ ಆ ತೋಡಿನಲ್ಲಿ ಇಳಿದು ನೇರವಾಗಿ ಹೊಳೆಗೆ ಸೇರುತ್ತಿತ್ತಂತೆ. ತಾವು ಹುಡುಗನಾಗಿದ್ದಾಗ ಅದರಲ್ಲಿ ಏಡಿ ಹಿಡಿದದ್ದನ್ನೂ ಹೇಳಿದರು. ರಸ್ತೆಗೆ ಕಾಂಕ್ರೀಟು ಹಾಕಿದ ವರ್ಷ, ಅಗೆದ ಮಣ್ಣನ್ನು ಸುರಿಯಲು ಹತ್ತಿರದಲ್ಲಿ ಸಿಕ್ಕಿದ ತಗ್ಗು ಅದೇ ಆಗಿತ್ತು. ಮೂರು ವರ್ಷದ ಹಿಂದಿನ ಮಾತು. ಕಾಲೊನಿಗೆ ನೀರು ನುಗ್ಗತೊಡಗಿದ್ದೂ ಅದೇ ವರ್ಷದಿಂದ, ಮತ್ತು ಆ ರಸ್ತೆಗೆ ಪೂಜೆ ಮಾಡಿಸಿ ತೆಂಗಿನಕಾಯಿ ಒಡೆದವಳು ನಾನು. ನನ್ನ ವಾರ್ಡಿನ ಮೊದಲ ಕಾಂಕ್ರೀಟು ರಸ್ತೆ ಅದು. ಅದರ ಚಿತ್ರ ನಮ್ಮ ಮನೆಯ ಗೋಡೆಯ ಮೇಲಿತ್ತು.

ಇದನ್ನು ಮೊದಲೇ ಏಕೆ ಹೇಳಲಿಲ್ಲ ಅಜ್ಜ ಎಂದು ನಾನು ಕೇಳಿದೆ. ನೀವೆಲ್ಲ ಬಂದು ಗೋಡೆ ಬೇಕೋ ಬೇಡವೋ ಎಂದು ಕೇಳಿದಿರಿ, ಬೇಕು ಎಂದೆ. ನೀರು ಮೊದಲು ಎಲ್ಲಿ ಹೋಗುತ್ತಿತ್ತು ಎಂದು ಯಾರೂ ಕೇಳಲಿಲ್ಲವಲ್ಲ ಮಗಳೇ ಎಂದರು. ಜಿಗಣೆ ಕಚ್ಚಿದ ಕಾಲನ್ನು ತಿಕ್ಕಿಕೊಳ್ಳುತ್ತ, ಕೋಪವಿಲ್ಲದೆ ಹೇಳಿದರು.

ಮರುದಿನ ಮಳೆ ತುಸು ಬಿಟ್ಟಾಗ ಕಾಲೊನಿಯ ನಾಲ್ವರು, ನೀರುಗಂಟಿಯವರು ಮತ್ತು ಆ ಹೊಸ ಮನೆಯ ಯಜಮಾನರು, ಹೌದು, ಅವರೂ, ಗುದ್ದಲಿ ಪಿಕಾಸಿ ಹಿಡಿದು ಒಂದೂವರೆ ದಿನದಲ್ಲಿ ತೋಡಿನ ಬಾಯಿ ಬಿಡಿಸಿದರು. ಪೈಪು ಕಿತ್ತು ಅಲ್ಲಿ ತೆಗೆದಿಡಬಹುದಾದ ಚಪ್ಪಡಿ ಹಾಕಿದರು. ಖರ್ಚಾದದ್ದು ಚಹಾಕ್ಕೆ, ಊಟಕ್ಕೆ. ಆ ವರ್ಷ ಮತ್ತೆ ಅಜ್ಜನ ಒಲೆ ನೆನೆಯಲಿಲ್ಲ. ತಡೆಗೋಡೆಯ ಠರಾವು ಈಗಲೂ ಯಾವುದೋ ಕಚೇರಿಯಲ್ಲಿ ಕಡತದೊಳಗಿದೆ. ನಮ್ಮಲ್ಲಿ ಕೆಲವರಿಗೆ ಮಾತ್ರ ಇದರಿಂದ ಬೇಸರವಾಯಿತು; ತೋಡು ಬಿಡಿಸಿದ್ದಕ್ಕೆ ಉದ್ಘಾಟನೆಯೂ ಇಲ್ಲ, ಹೆಸರಿನ ಫಲಕವೂ ಇಲ್ಲ.

ಈ ಒಂದು ಸಂಗತಿಯೇ ನನ್ನ ಬಹುಪಾಲು ಸಮಯವನ್ನು ತಿಂದಿದೆ. ಚೀಟಿಯಲ್ಲಿರುವ ಐದು ವಿಷಯಗಳಿಗೆ ಈಗ ಬೇಗ ಬೇಗನೆ ಬರುತ್ತೇನೆ.

ಬೀದಿದೀಪದ ಬಲ್ಬು ಹೋದರೆ ಪಂಚಾಯಿತಿಗೆ ತಿಳಿಸಿ. ತಂತಿ ತುಂಡಾದರೆ, ಕಂಬ ವಾಲಿದರೆ, ಮರ ತಂತಿಯ ಮೇಲೆ ಬಿದ್ದರೆ ಅದು ವಿದ್ಯುತ್ ಕಂಪನಿಯ ಕೆಲಸ. 1912ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆಯನ್ನು ಬರೆದುಕೊಳ್ಳಿ, ತಂತಿಯ ಹತ್ತಿರ ಹೋಗಬೇಡಿ. ನನಗೆ ರಾತ್ರಿ ಹನ್ನೊಂದಕ್ಕೆ ಕರೆ ಮಾಡಿದರೆ ನಾನು ಮಾಡುವುದೂ ಅದೇ 1912ಕ್ಕೆ ಕರೆ.

ಕಸದ ವಿಷಯ. ಹಸಿ ಕಸ, ಒಣ ಕಸ, ಅಪಾಯಕಾರಿ ಕಸ ಎಂದು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದ್ದವು. ಸ್ವಚ್ಛವಾಹಿನಿ ಓಡಿಸುವವರು, ಕಸ ಸಂಗ್ರಹಿಸುವವರು ನಮ್ಮ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು. ಗಾಡಿ ಬರುವ ದಿನ ತಪ್ಪಿತೆಂದು ಚೀಲವನ್ನು ಕಟ್ಟಿ ತಿರುವಿನಲ್ಲಿ ಎಸೆಯುವವರಿಗೆ ನನ್ನದೊಂದೇ ಪ್ರಶ್ನೆ: ಆ ಚೀಲ ಮುಂದೆ ಎಲ್ಲಿಗೆ ಹೋಗುತ್ತದೆಂದು ತಿಳಿದಿದ್ದೀರಿ? ಮೊದಲ ದೊಡ್ಡ ಮಳೆಗೆ ಅದು ಮೋರಿಯ ಬಾಯಲ್ಲಿರುತ್ತದೆ. ನೋಡಿ, ಮತ್ತೆ ಚರಂಡಿಗೇ ಬಂದೆ.

ಕುಡಿಯುವ ನೀರಿನ ಪೈಪು ಬಹಳ ಕಡೆ ಚರಂಡಿಯ ಬದಿಯಲ್ಲಿಯೇ ಸಾಗುತ್ತದೆ. ಚರಂಡಿ ಕಟ್ಟಿ ನೀರು ನಿಂತಲ್ಲಿ ಪೈಪಿನ ಜೋಡಣೆ ಸಡಿಲವಾಗಿದ್ದರೆ, ನೀರು ಬಿಡದ ಹೊತ್ತಿನಲ್ಲಿ ಕೊಳಕು ಒಳಗೆ ಸೇರುತ್ತದೆ. ಮಳೆಗಾಲ ಮುಗಿಯುವ ತನಕ ಕುದಿಸಿ ಕುಡಿಯಿರಿ.

ರಸ್ತೆ ಮತ್ತು ಗ್ರಾಮಸಭೆಯನ್ನು ಒಟ್ಟಿಗೇ ಹೇಳಿಬಿಡುತ್ತೇನೆ. ಗ್ರಾಮಸಭೆಗೆ ಬಂದವರಲ್ಲಿ ಹೆಚ್ಚಿನವರು ಕೇಳುವುದು ಕಾಂಕ್ರೀಟು ರಸ್ತೆಯನ್ನು. 15ನೇ ಹಣಕಾಸು ಆಯೋಗವು ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇಕಡ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟಿಹಾಕಿತ್ತು. ಸದಸ್ಯರ ಇಷ್ಟದಂತೆ ಅದನ್ನು ರಸ್ತೆಗೆ ತಿರುಗಿಸುವಂತಿರಲಿಲ್ಲ. ಹಾಗಿದ್ದೂ ರಸ್ತೆ ಕೇಳುವುದಾದರೆ ಕೇಳಿ, ಆದರೆ ಅದರ ಎರಡೂ ಬದಿಯ ಚರಂಡಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಅದೇ ಅರ್ಜಿಯಲ್ಲಿ ಬರೆಯಿರಿ. ಚರಂಡಿ ಇಲ್ಲದ ಕಾಂಕ್ರೀಟು ರಸ್ತೆ ಮಳೆಗಾಲದಲ್ಲಿ ಒಂದು ಹೊಳೆ, ಅಷ್ಟೆ.

ತಡೆಗೋಡೆ ಈಗಾಗಲೇ ಇರುವವರಿಗೂ ಒಂದು ಮಾತಿದೆ. ಗೋಡೆಯಲ್ಲಿ ಸಾಲಾಗಿ ಬಿಟ್ಟಿರುವ ತೂತುಗಳು ಹಿಂದಿನ ಮಣ್ಣಿನ ನೀರು ಹೊರಬರಲು ಇರುವಂಥವು. ಹಾವು ಸೇರುತ್ತದೆಂದು ಅವಕ್ಕೆ ಸಿಮೆಂಟು ಮೆತ್ತಿದವರನ್ನು ನಾನು ಬಲ್ಲೆ. ಇಂದೇ ಬಿಡಿಸಿ; ಹಾವಿನ ಚಿಂತೆಯಿದ್ದರೆ ಜಾಲರಿ ಹಾಕಿ.

ಹವಾಮಾನ ಇಲಾಖೆಯವರು ರೆಡ್ ಅಲರ್ಟ್ ಎಂದರೆ ಶಾಲೆಗೆ ರಜೆ ಎಂದಷ್ಟೇ ತಿಳಿಯಬೇಡಿ. 24 ಗಂಟೆಯಲ್ಲಿ 204 ಮಿಲಿಮೀಟರಿಗಿಂತ ಹೆಚ್ಚು, ಅಂದರೆ ಎಂಟು ಇಂಚಿಗೂ ಮೀರಿ ಮಳೆಯಾಗಬಹುದೆಂದು ಅದರ ಅರ್ಥ. ಆಗಲೇ ಹೇಳಿದ ಸೂರಿನ ಮೇಲೆ 20,000 ಲೀಟರ್. ಅಂಥ ದಿನ ಮನೆಯ ಹಿಂದಿನ ಬರೆಯಲ್ಲಿ ಬಿರುಕು ಕಂಡರೆ, ನೆಲದಿಂದ ಇದ್ದಕ್ಕಿದ್ದಂತೆ ಕೆಂಪು ನೀರು ಉಕ್ಕಿದರೆ, ಸಾಮಾನು ಕಟ್ಟುತ್ತ ಕೂರದೆ ಹೊರಗೆ ಬನ್ನಿ. ಜಿಲ್ಲಾ ನಿಯಂತ್ರಣ ಕೊಠಡಿಯ ಸಂಖ್ಯೆ 1077. ಸುರಕ್ಷಿತ ಜಾಗಕ್ಕೆ ಬಂದ ಮೇಲೆ ಕರೆ ಮಾಡಿದರೆ ಸಾಕು.

ಬರುವ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನಮ್ಮ ವಾರ್ಡಿನವರು ಅಂಗನವಾಡಿಯ ಪಕ್ಕದ ಮೋರಿಯ ಬಳಿ ಸೇರುತ್ತೇವೆ. ಅಲ್ಲಿಂದ ಮೇಲಿನ ತಿರುವಿನವರೆಗೆ ಎರಡೂ ಬದಿಯ ಚರಂಡಿಯನ್ನು ಬಿಡಿಸುವ ಯೋಜನೆಯಿದೆ. ಅಜ್ಜನೂ ಬರುತ್ತೇನೆಂದಿದ್ದಾರೆ, ಅವರಿಗೆ ಗುದ್ದಲಿ ಕೊಡುವುದಿಲ್ಲ, ಇನ್ನೂ ಎರಡು ತೋಡುಗಳಿರುವ ಜಾಗವನ್ನು ಅವರು ತೋರಿಸಬೇಕಾಗಿದೆ. ಚಹಾ ನಮ್ಮದು. ಪಂಚಾಯಿತಿಯಲ್ಲಿರುವುದು ನಾಲ್ಕೇ ಗುದ್ದಲಿ, ಆದ್ದರಿಂದ ಬರುವವರು ಅವರವರ ಗುದ್ದಲಿಯನ್ನು ತರಬೇಕು. ನಮಸ್ಕಾರ.