ಪಂಪ್ ಬಿಚ್ಚುವ ಮೊದಲು: ಹಳೆಯ ಲೋಡರ್‌ಗಳ ಹೈಡ್ರಾಲಿಕ್ಸ್ ಕುರಿತು ಒಂದು ಉಪನ್ಯಾಸ

ಎಲ್ಲರಿಗೂ ನಮಸ್ಕಾರ. ಕ್ರಷರ್ ಮಾಲೀಕರು, ಆಪರೇಟರ್‌ಗಳು, ಮೆಕ್ಯಾನಿಕ್‌ಗಳು ಹೀಗೆ ಒಂದೇ ಕಡೆ ಕುಳಿತು ಮಾತನಾಡುವ ಅವಕಾಶ ಅಪರೂಪ. ಯಂತ್ರ ಕೆಟ್ಟು ನಿಂತಾಗ ಮೂವರೂ ಸೇರುತ್ತೀರಿ, ಆದರೆ ಆಗ ಹೊರಗೆ ಟಿಪ್ಪರ್‌ಗಳ ಸಾಲು ನಿಂತಿರುತ್ತದೆ, ಯಾರಿಗೂ ವ್ಯವಧಾನ ಇರುವುದಿಲ್ಲ. ಇಂದು ಸಮಯವಿದೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಾನು ಹೇಳಬೇಕೆಂದಿರುವುದು ಒಂದೇ ವಿಷಯ. ಹಳೆಯ ಪೇಲೋಡರ್‌ನ ಬೂಮ್, ಅಂದರೆ ಬಕೆಟ್ ಎತ್ತುವ ತೋಳು, ನಿಧಾನವಾಯಿತೆಂದು ಕೂಡಲೇ ಪಂಪ್‌ಗೆ ಕೈ ಹಾಕಬೇಡಿ. ಪಂಪ್ ಸವೆದಿರಬಹುದು, ನಿಜ. ಆದರೆ ಅದು ತಾನಾಗಿಯೇ ಸವೆಯುವುದು ಕಡಿಮೆ. ಕೊಳಕು ಎಣ್ಣೆ, ಕಟ್ಟಿಕೊಂಡ ಸಕ್ಷನ್ ಪೈಪ್ (ಟ್ಯಾಂಕ್‌ನಿಂದ ಪಂಪ್‌ಗೆ ಎಣ್ಣೆ ಎಳೆಯುವ ಪೈಪ್), ಧೂಳು ತುಂಬಿದ ಬ್ರೀದರ್ (ಟ್ಯಾಂಕ್‌ಗೆ ಗಾಳಿ ಬಿಡುವ ಕಿಂಡಿ), ಇವುಗಳಲ್ಲಿ ಯಾವುದೋ ಒಂದು ಅದನ್ನು ಕೊಂದಿರುತ್ತದೆ. ಆ ಕಾರಣವನ್ನು ಹಾಗೆಯೇ ಬಿಟ್ಟು ಹೊಸ ಪಂಪ್ ಕೂರಿಸಿದರೆ ಅದಕ್ಕೂ ಅದೇ ಗತಿ. ದುಬಾರಿ ಬೆಲೆಯ ಪಂಪ್‌ಗಳು ಹೀಗೆ ಒಂದರ ಹಿಂದೆ ಒಂದು ಹಾಳಾಗುವುದನ್ನು ಕಂಡು ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಳೆಯ ಲೋಡರ್ ಎಂದಾಗ ನನ್ನ ಕಣ್ಣ ಮುಂದಿರುವುದು ಹಿಂದೂಸ್ತಾನ್ 2021 (ಇದು ಇಸವಿಯಲ್ಲ, ಲೋಡರ್ ಮಾದರಿಯ ಹೆಸರು) ಕಾಲದ ಯಂತ್ರಗಳು. ಅವುಗಳಲ್ಲಿ ಬಹುಮಟ್ಟಿಗೆ ಗೇರ್ ಪಂಪ್ ಅಥವಾ ವೇನ್ ಪಂಪ್, ಸನ್ನೆಕೋಲಿನಿಂದ ನಡೆಯುವ ಕಂಟ್ರೋಲ್ ವಾಲ್ವ್, ಒತ್ತಡ ಮಿತಿ ಮೀರಿದಾಗ ತೆರೆದು ಎಣ್ಣೆಯನ್ನು ಟ್ಯಾಂಕ್‌ಗೆ ಬಿಡುವ ಒಂದು ಮುಖ್ಯ ರಿಲೀಫ್ ವಾಲ್ವ್ ಇರುತ್ತವೆ. ಸೆನ್ಸರ್ ಇಲ್ಲ, ಕೋಡ್ ತೋರಿಸುವ ಪರದೆಯೂ ಇಲ್ಲ. ದೋಷವನ್ನು ಯಂತ್ರ ಬೇರೆ ರೀತಿಯಲ್ಲಿ ಹೇಳುತ್ತದೆ: ಸದ್ದು, ಬಿಸಿ, ವೇಗ, ಎಣ್ಣೆಯ ಬಣ್ಣ.

ಮೊದಲು ಬುಡದ ವಿಚಾರ. ಪಂಪ್ ಒತ್ತಡವನ್ನು ಉತ್ಪಾದಿಸುವುದಿಲ್ಲ, ಹರಿವನ್ನು ಮಾತ್ರ ಕೊಡುತ್ತದೆ. ಹರಿವಿಗೆ ಎದುರಾಗುವ ಭಾರದಿಂದ ಒತ್ತಡ ಹುಟ್ಟುತ್ತದೆ. ಆದ್ದರಿಂದ "ಜಾಕ್‌ಗೆ ದಮ್ಮಿಲ್ಲ" ಎಂದು ಆಪರೇಟರ್ ಹೇಳಿದಾಗ (ಜಾಕ್ ಎಂದರೆ ಬೂಮ್, ಬಕೆಟ್‌ಗಳನ್ನು ದೂಡುವ ಹೈಡ್ರಾಲಿಕ್ ಸಿಲಿಂಡರ್) ಎರಡು ಪ್ರಶ್ನೆ ಕೇಳಬೇಕು. ಭಾರ ಎತ್ತುತ್ತದೆ ಆದರೆ ನಿಧಾನವೇ? ಹಾಗಿದ್ದರೆ ಹರಿವು ಕಡಿಮೆಯಾಗಿದೆ. ವೇಗ ಸರಿಯಿದೆ, ಬಕೆಟ್ ತುಂಬಿದರೆ ಮಾತ್ರ ಎತ್ತುವುದಿಲ್ಲವೇ? ಹಾಗಿದ್ದರೆ ಒತ್ತಡ ಏರುತ್ತಿಲ್ಲ, ರಿಲೀಫ್ ವಾಲ್ವ್ ಬೇಗ ತೆರೆದುಕೊಳ್ಳುತ್ತಿದೆ.

ಮುಂದಿನ ಪ್ರಶ್ನೆ: ಯಾವಾಗ ನಿಧಾನ? ಇಷ್ಟು ಕೆಲಸಕ್ಕೆ ಬರುವ ಇನ್ನೊಂದು ಪ್ರಶ್ನೆ ನನಗೆ ಗೊತ್ತಿಲ್ಲ. ಬೆಳಿಗ್ಗೆ ಚುರುಕಾಗಿದ್ದು ಮಧ್ಯಾಹ್ನ ಎಣ್ಣೆ ಕಾದ ಮೇಲೆ ಸೊರಗಿದರೆ, ಎಣ್ಣೆ ಒಳಗೊಳಗೇ ಸೋರುತ್ತಿದೆ. ಕಾದ ಎಣ್ಣೆ ತೆಳುವಾಗಿ ಸವೆದ ಸಂದುಗಳಿಂದ ಹಿಂದಕ್ಕೆ ನುಸುಳುತ್ತದೆ. ಪಂಪ್, ಸ್ಪೂಲ್ (ಕಂಟ್ರೋಲ್ ವಾಲ್ವ್ ಒಳಗೆ ಜಾರಿ ಎಣ್ಣೆಯ ದಾರಿ ಬದಲಿಸುವ ಕಡ್ಡಿ), ರಿಲೀಫ್, ಜಾಕ್‌ನ ಪ್ಯಾಕಿಂಗ್ ಅಂದರೆ ಸೀಲ್, ಯಾವುದಾದರೂ ಆಗಬಹುದು. ಇದಕ್ಕೆ ವಿರುದ್ಧವಾಗಿ ಬೆಳಿಗ್ಗೆ ಸದ್ದು ಮಾಡುತ್ತ ತಡವರಿಸಿ, ಕಾದ ಮೇಲೆ ಸರಿಹೋದರೆ, ತೊಂದರೆ ಸಕ್ಷನ್ ಕಡೆ ಇದೆ. ತಣ್ಣಗಿನ ದಪ್ಪ ಎಣ್ಣೆ ಕಟ್ಟಿಕೊಂಡ ಜಾಲರಿಯನ್ನು ದಾಟಲು ಹೆಣಗುತ್ತಿದೆ.

ಒಂದೇ ಕೆಲಸ ಸೊರಗಿದೆಯೋ, ಎಲ್ಲವೂ ಸೊರಗಿವೆಯೋ ಎಂಬುದನ್ನೂ ನೋಡಿ. ಬಕೆಟ್ ಮಾತ್ರ ನಿಧಾನವಾಗಿದ್ದು ಬೂಮ್ ಸರಿಯಿದ್ದರೆ ಪಂಪ್ ನಿರಪರಾಧಿ. ಆ ಬಕೆಟ್‌ನ ಸ್ಪೂಲ್, ಅದರ ಪೋರ್ಟ್ ರಿಲೀಫ್ (ಆ ಜಾಕ್‌ನ ದಾರಿಗೆ ಮಾತ್ರ ಇರುವ ರಿಲೀಫ್ ವಾಲ್ವ್), ಅದರ ಜಾಕ್, ಇಷ್ಟರಲ್ಲೇ ದೋಷ ಅಡಗಿದೆ.

ಸಕ್ಷನ್ ವಿಚಾರದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಮ್ಮಲ್ಲಿ ಅತಿ ಹೆಚ್ಚು ಉಪೇಕ್ಷೆಗೆ ಒಳಗಾಗಿರುವುದು ಇದೇ. ಪ್ರೆಶರ್ ಪೈಪ್ ಸೋರಿದರೆ ಎಣ್ಣೆ ಹೊರಗೆ ಚಿಮ್ಮಿ ಎಲ್ಲರಿಗೂ ಕಾಣುತ್ತದೆ. ಸಕ್ಷನ್ ಪೈಪ್ ಸೋರಿದರೆ ಎಣ್ಣೆ ಹೊರಗೆ ಬರದೆ ಗಾಳಿ ಒಳಗೆ ಹೋಗುತ್ತದೆ, ನೆಲದ ಮೇಲೆ ಒಂದು ತೊಟ್ಟೂ ಬೀಳುವುದಿಲ್ಲ. ಟ್ಯಾಂಕ್‌ನಲ್ಲಿ ನೊರೆ ಏಳುತ್ತದೆ, ಬೂಮ್ ಜಗ್ಗಿ ಜಗ್ಗಿ ಏರುತ್ತದೆ, ಪಂಪ್ ಒರಲುತ್ತದೆ. ಪರೀಕ್ಷೆ ಸುಲಭ. ಎಂಜಿನ್ ಐಡಲ್‌ನಲ್ಲಿರಲಿ, ಫ್ಯಾನ್ ಮತ್ತು ಬೆಲ್ಟ್‌ಗಳಿಂದ ಕೈ ದೂರವಿರಲಿ. ಸಕ್ಷನ್ ಪೈಪಿನ ಒಂದೊಂದೇ ಕ್ಲಾಂಪಿನ ಸುತ್ತ ಗ್ರೀಸ್ ಬಳಿಯಿರಿ. ಯಾವ ಜಾಗಕ್ಕೆ ಬಳಿದಾಗ ಸದ್ದು ಬದಲಾಗುತ್ತದೋ ಅಲ್ಲಿಂದಲೇ ಗಾಳಿ ಹೋಗುತ್ತಿದೆ.

ನೊರೆ ಇಲ್ಲದೆ ಒರಲುವಿಕೆ ಮಾತ್ರ ಇದ್ದರೆ ಪಂಪ್‌ಗೆ ಎಣ್ಣೆ ಸಾಲುತ್ತಿಲ್ಲ. ಹಳೆಯ ರಬ್ಬರ್ ಸಕ್ಷನ್ ಹೋಸ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಒಳಗಿನ ಪದರ ಕಿತ್ತು ಬಂದು ದಾರಿಗೆ ಅಡ್ಡ ಬಿದ್ದಿರುತ್ತದೆ. ಅನೇಕ ಯಂತ್ರಗಳಲ್ಲಿ ಟ್ಯಾಂಕಿನ ತಳದಲ್ಲಿ ಒಂದು ಸ್ಟ್ರೈನರ್, ಅಂದರೆ ಸೋಸುವ ಜಾಲರಿ, ಇರುತ್ತದೆ. ಎರಡು ಮೂರು ಮಾಲೀಕರ ಕೈ ಬದಲಾದ ಯಂತ್ರದಲ್ಲಿ ಅದು ಇದೆ ಎನ್ನುವುದೇ ಯಾರಿಗೂ ತಿಳಿದಿರುವುದಿಲ್ಲ. ಬ್ರೀದರ್‌ದೂ ಅದೇ ಕಥೆ. ಬೂಮ್ ಏರಿದಾಗ ಎಣ್ಣೆ ಜಾಕ್‌ಗಳಿಗೆ ಹೋಗಿ ಟ್ಯಾಂಕ್‌ನಲ್ಲಿ ಮಟ್ಟ ಇಳಿಯುತ್ತದೆ, ಆ ಜಾಗಕ್ಕೆ ಗಾಳಿ ಬರಬೇಕು. ಕ್ರಷರ್ ಧೂಳಿನಿಂದ ಬ್ರೀದರ್ ಮುಚ್ಚಿದ್ದರೆ ಟ್ಯಾಂಕ್ ನಿರ್ವಾತವಾಗುತ್ತದೆ. ಮುಚ್ಚಳವನ್ನು ನಿಧಾನವಾಗಿ ಸಡಿಲಿಸಿದಾಗ ಗಾಳಿ ಒಳಕ್ಕೆ ಎಳೆದುಕೊಂಡು ಪಂಪಿನ ಸದ್ದು ತಗ್ಗಿದರೆ, ಒಂದು ಬ್ರೀದರ್‌ನ ಖರ್ಚಿನಲ್ಲಿ ಪಂಪ್ ಉಳಿಯಿತು. ನಿಧಾನವಾಗಿ ಎಂದದ್ದನ್ನು ಮರೆಯಬೇಡಿ, ಕೆಲವು ಯಂತ್ರಗಳ ಟ್ಯಾಂಕ್‌ನಲ್ಲಿ ಒತ್ತಡ ಇಟ್ಟಿರುತ್ತಾರೆ.

ಈಗ ಎತ್ತಿ ನಿಲ್ಲಿಸಿದ ಬೂಮ್ ತಾನಾಗಿ ಇಳಿಯುವ ಸಮಸ್ಯೆ. ಎಲ್ಲರೂ ನೇರವಾಗಿ ಜಾಕ್ ಬಿಚ್ಚಿ ಪ್ಯಾಕಿಂಗ್ ಕಿಟ್ ಹಾಕುತ್ತಾರೆ, ಬೂಮ್ ಮತ್ತೆ ಇಳಿಯುತ್ತದೆ. ಏಕೆಂದು ನೋಡಿ. ಭಾರವು ರಾಡನ್ನು ಜಾಕ್ ಒಳಕ್ಕೆ ತಳ್ಳುತ್ತಿದೆ. ಪಿಸ್ಟನ್ ಸೀಲ್ ಪೂರ್ತಿ ಹೋಗಿದ್ದರೂ ಕೆಳಗಿನ ಎಣ್ಣೆಯೆಲ್ಲ ಮೇಲಿನ ಬದಿಗೆ ಹಿಡಿಸುವುದಿಲ್ಲ, ಅಲ್ಲಿ ರಾಡ್ ಜಾಗ ತೆಗೆದುಕೊಂಡಿದೆ. ಉಳಿದ ಎಣ್ಣೆ ಜಾಕ್‌ನಿಂದಲೇ ಹೊರಗೆ ಹೋಗಬೇಕು, ಅದಕ್ಕೆ ಸ್ಪೂಲ್ ಅಥವಾ ಪೋರ್ಟ್ ರಿಲೀಫ್ ದಾರಿ ಬಿಡಬೇಕು. ಆದ್ದರಿಂದ ವಾಲ್ವ್ ಗಟ್ಟಿಯಾಗಿದ್ದರೆ ಸೀಲ್ ಒಂದರಿಂದಲೇ ಬೂಮ್ ಕೆಳಗೆ ಬಂದು ಕೂರುವುದಿಲ್ಲ. ಆದರೆ ಹೋದ ಸೀಲ್ ಇನ್ನೊಂದು ಕೆಡುಕು ಮಾಡುತ್ತದೆ. ಪಿಸ್ಟನ್‌ನ ಎರಡೂ ಬದಿ ಒತ್ತಡ ಸಮವಾದಾಗ ಭಾರವನ್ನು ಹೊರುವುದು ರಾಡ್‌ನ ಅಡ್ಡಗಾತ್ರ ಮಾತ್ರ. ರಾಡ್‌ನ ವ್ಯಾಸ ಸಿಲಿಂಡರ್ ವ್ಯಾಸದ ಅರ್ಧದಷ್ಟಿದ್ದರೆ ಒತ್ತಡ 4 ಪಟ್ಟು ಏರುತ್ತದೆ. ಆ ಒತ್ತಡ ಸವೆದ ಸ್ಪೂಲ್‌ನಿಂದ ಎಣ್ಣೆಯನ್ನು ನುಗ್ಗಿಸುತ್ತದೆ, ರಾಡ್ ಹೊರಬರುವ ಬಾಯಿಯಲ್ಲಿರುವ ಗ್ಲ್ಯಾಂಡ್ ಸೀಲನ್ನೂ ಹಾಳುಮಾಡುತ್ತದೆ. ಹಾಗಾಗಿ ಬೂಮ್ ಇಳಿದರೆ ಜಾಕ್ ಮತ್ತು ವಾಲ್ವ್ ಎರಡನ್ನೂ ಪರೀಕ್ಷಿಸದೆ ಕಿಟ್ ತರಿಸಬೇಡಿ.

ರಿಲೀಫ್ ವಾಲ್ವ್ ಕುರಿತು ಒಂದು ಬಿನ್ನಹ. ಈ ತಲೆಮಾರಿನ ಲೋಡರ್‌ಗಳಲ್ಲಿ ಮುಖ್ಯ ರಿಲೀಫ್ ಸಾಮಾನ್ಯವಾಗಿ 140ರಿಂದ 210 ಬಾರ್ ನಡುವೆ ಇರುತ್ತದೆ, ನಿಮ್ಮ ಯಂತ್ರದ ನಿಖರ ಅಂಕಿ ಅದರ ಮ್ಯಾನ್ಯುಯಲ್‌ನಲ್ಲಿದೆ. ಒತ್ತಡದ ಗೇಜ್ ಹಾಕದೆ ಅದರ ಸ್ಕ್ರೂ ಮುಟ್ಟಬೇಡಿ. ಸವೆದ ಪಂಪ್‌ನ ಕೊರತೆಯನ್ನು ಸ್ಕ್ರೂ ಬಿಗಿಮಾಡಿ ತುಂಬಲಾಗದು. ಹೋಸ್ ಒಡೆಯುತ್ತದೆ, ಜಾಕ್‌ನ ಕಣ್ಣು (ಪಿನ್ ಕೂರುವ ತೂತು) ಸೀಳುತ್ತದೆ, ಪಂಪ್ ಇನ್ನಷ್ಟು ಬೇಗ ಸಾಯುತ್ತದೆ. ಆಪರೇಟರ್‌ಗಳೂ ಗಮನಿಸಿ: ಬೂಮ್ ತುದಿ ಮುಟ್ಟಿದ ಮೇಲೂ ಲಿವರ್ ಎಳೆದು ಹಿಡಿದರೆ ಎಣ್ಣೆಯೆಲ್ಲ ರಿಲೀಫ್ ಮೂಲಕ ಹೋಗುತ್ತದೆ. ನಿಮಿಷಕ್ಕೆ 100 ಲೀಟರ್ ಹರಿವು 200 ಬಾರ್‌ನಲ್ಲಿ ಹೀಗೆ ಹೋದರೆ ಸುಮಾರು 33 ಕಿಲೋವ್ಯಾಟ್, ಅಂದರೆ ಎಂಜಿನ್‌ನ ಸುಮಾರು 45 ಅಶ್ವಶಕ್ತಿ, ಬರೀ ಬಿಸಿಯಾಗಿ ಎಣ್ಣೆಯೊಳಗೆ ಸೇರುತ್ತದೆ. ಎಣ್ಣೆ ಸುಮಾರು 82 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸೀಲ್‌ಗಳು ಗಡುಸಾಗತೊಡಗುತ್ತವೆ.

ಎಣ್ಣೆಯ ಶುಚಿತ್ವಕ್ಕೆ ಬರುತ್ತೇನೆ. ಬರಿಗಣ್ಣಿಗೆ ಸುಮಾರು 40 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರ್‌ನ ಸಾವಿರದ ಒಂದು ಭಾಗ) ಸಣ್ಣ ಕಣ ಕಾಣುವುದಿಲ್ಲ, ಪಂಪ್ ಮತ್ತು ಸ್ಪೂಲ್‌ಗಳ ಸಂದುಗಳು ಅದಕ್ಕಿಂತ ಬಹಳ ಕಿರಿದು. ಕಣ್ಣಿಗೆ ಸ್ವಚ್ಛವಾಗಿ ಕಂಡ ಎಣ್ಣೆ ಯಂತ್ರಕ್ಕೆ ಸ್ವಚ್ಛ ಎಂದಲ್ಲ. ಹೊಸ ಡ್ರಮ್‌ನ ಎಣ್ಣೆಯನ್ನೂ ಫಿಲ್ಟರ್ ಮೂಲಕವೇ ತುಂಬಿಸಿ. ಡ್ರಮ್ಮನ್ನು ಬಯಲಿನಲ್ಲಿ ನೆಟ್ಟಗೆ ನಿಲ್ಲಿಸಿದರೆ ಮಳೆ ನೀರು ಮೇಲೆ ನಿಲ್ಲುತ್ತದೆ. ಹಗಲು ಕಾದು ರಾತ್ರಿ ತಣಿಯುವಾಗ ಡ್ರಮ್ ಆ ನೀರನ್ನು ಬಿರಡೆಯ ಸಂದಿನಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಅಡ್ಡ ಮಲಗಿಸಿ, ಎರಡೂ ಬಿರಡೆಗಳು ಒಂದೇ ಸಮತಲದಲ್ಲಿ ಇರುವಂತೆ ಇಡಿ. ಟ್ಯಾಂಕ್ ಒಳಗೆ ಬನಿಯನ್ ವೇಸ್ಟ್‌ನಿಂದ (ಬನಿಯನ್ ಬಟ್ಟೆಯ ಚಿಂದಿಯಿಂದ) ಒರೆಸಬೇಡಿ, ಅದರ ನೂಲು ಸ್ಟ್ರೈನರ್‌ಗೆ ಸುತ್ತಿಕೊಳ್ಳುತ್ತದೆ. ನಲ್ಲಿಗೆ ಸುತ್ತುವ ಬಿಳಿ ಟೇಪ್ ಹೈಡ್ರಾಲಿಕ್ ಜಾಯಿಂಟ್‌ಗೆ ಬೇಡವೇ ಬೇಡ. ಅದರ ಎಳೆ ಹರಿದು ಹೋಗಿ ರಿಲೀಫ್ ವಾಲ್ವ್‌ನ ಸೀಟ್‌ನಲ್ಲಿ ಸಿಕ್ಕಿಕೊಂಡರೆ ದಿನವಿಡೀ ಹುಡುಕಬೇಕಾಗುತ್ತದೆ. ಅಲ್ಲಿ ಓ ರಿಂಗ್ (ರಬ್ಬರ್ ಉಂಗುರ) ಅಥವಾ ಡೌಟಿ ವಾಷರ್ (ರಬ್ಬರ್ ಅಂಚಿರುವ ಲೋಹದ ವಾಷರ್) ಹಾಕಿ.

ಬಳ್ಳಾರಿ, ಸಂಡೂರು ಕಡೆಯವರಿಗೆ ಇನ್ನೊಂದು ಅನುಭವವಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಯಂತ್ರಗಳು ತಿಂಗಳುಗಟ್ಟಲೆ ನಿಂತವು. ದುಡಿದ ಯಂತ್ರಕ್ಕಿಂತ ನಿಂತ ಯಂತ್ರ ಹೆಚ್ಚು ಕೆಡುತ್ತದೆ. ಹೊರಗೆ ಚಾಚಿಕೊಂಡ ರಾಡ್‌ನ ಕ್ರೋಮ್ ಮೇಲೆ ತುಕ್ಕಿನ ಗುಳಿ ಬೀಳುತ್ತದೆ. ಕೆಲಸ ಶುರುವಾದ ಮೊದಲ ದಿನವೇ ಆ ಗುಳಿಗಳು ಸೀಲನ್ನು ಅರದಂತೆ ಉಜ್ಜಿಬಿಡುತ್ತವೆ. ಹಾಗಾಗಿ ನಿಲ್ಲಿಸುವಾಗ ಸಾಧ್ಯವಾದಷ್ಟು ರಾಡ್‌ಗಳನ್ನು ಒಳಕ್ಕೆ ಎಳೆದುಕೊಳ್ಳಿ, ಹೊರಗುಳಿದ ಭಾಗಕ್ಕೆ ಗ್ರೀಸ್ ಬಳಿಯಿರಿ. ಮತ್ತೆ ಚಾಲೂ ಮಾಡುವ ಮೊದಲು ಟ್ಯಾಂಕ್‌ನ ತಳದ ಪ್ಲಗ್ ಸಡಿಲಿಸಿ ನೀರು ಬರುತ್ತದೆಯೇ ನೋಡಿ.

ಪ್ರತಿ ಸಲ ಫಿಲ್ಟರ್ ಬದಲಿಸಿದಾಗ ಹಳೆಯದನ್ನು ಎಸೆಯಬೇಡಿ. ಕತ್ತರಿಸಿ, ಕಾಗದದ ಮಡಿಕೆಗಳನ್ನು ಬಿಡಿಸಿ, ದಿನಪತ್ರಿಕೆಯ ಮೇಲೆ ಹರಡಿ, ಮೇಲೆ ಒಂದು ಆಯಸ್ಕಾಂತ ಆಡಿಸಿ. ಅಂಟಿಕೊಂಡದ್ದು ಉಕ್ಕು: ಗೇರ್, ಬೇರಿಂಗ್ ಅಥವಾ ಜಾಕ್‌ನ ಕೊಳವೆ. ಅಂಟದೆ ಬೆಳ್ಳಗೆ ಹೊಳೆಯುವುದು ಅಲ್ಯೂಮಿನಿಯಂ, ಬಹುಶಃ ಪಂಪ್‌ನ ಮೈ. ಹಳದಿ ಬಣ್ಣದ್ದು ಬುಷ್ ಅಥವಾ ಥ್ರಸ್ಟ್ ಪ್ಲೇಟ್. ಕಪ್ಪಗೆ ಮೆತ್ತಗಿದ್ದರೆ ಹೋಸ್‌ನದೋ ಸೀಲ್‌ನದೋ ರಬ್ಬರ್. ಹತ್ತು ನಿಮಿಷದ ಈ ಕೆಲಸ ತಿಂಗಳ ಮೊದಲೇ ಸುದ್ದಿ ಕೊಡುತ್ತದೆ.

ಇಷ್ಟೆಲ್ಲ ನೋಡಿ ಪಂಪ್ ನಿಜಕ್ಕೂ ಹೋಗಿದೆ ಎಂದಾದರೆ ಖಂಡಿತ ಬದಲಿಸಿ. ಆದರೆ ಹಳೆಯ ಪಂಪ್‌ನ ಲೋಹದ ಪುಡಿ ಪೈಪುಗಳಲ್ಲಿ, ಜಾಕ್‌ಗಳ ತಳದಲ್ಲಿ ಕೂತಿರುತ್ತದೆ. ಟ್ಯಾಂಕ್ ಇಳಿಸಿ ತೊಳೆಯಿರಿ, ಪೈಪುಗಳನ್ನೂ ತೊಳೆಯಿರಿ, ಹೊಸ ಪಂಪ್‌ನ ಹೊಟ್ಟೆಗೆ ಎಣ್ಣೆ ತುಂಬಿಸಿಯೇ ಎಂಜಿನ್ ಚಾಲೂ ಮಾಡಿ, ಸ್ವಲ್ಪ ಹೊತ್ತು ಭಾರವಿಲ್ಲದೆ ಐಡಲ್‌ನಲ್ಲಿ ಓಡಿಸಿ. ಸುಮಾರು 50 ಗಂಟೆ ಓಡಿದ ಮೇಲೆ ಫಿಲ್ಟರನ್ನು ಮತ್ತೊಮ್ಮೆ ಬದಲಿಸಿ.

ಕೊನೆಯದಾಗಿ ಜೀವದ ವಿಷಯ. ಬಿಚ್ಚುವ ಮೊದಲು ಬಕೆಟ್ ನೆಲಕ್ಕೆ ಇಳಿಸಿ, ಎಂಜಿನ್ ನಿಲ್ಲಿಸಿ, ಲಿವರ್‌ಗಳನ್ನು ನಾಲ್ಕಾರು ಬಾರಿ ಆಡಿಸಿ ಒತ್ತಡ ಇಳಿಸಿ. ಬೂಮ್ ಎತ್ತಿಯೇ ಕೆಲಸ ಮಾಡಬೇಕಾದರೆ ಗಟ್ಟಿಯಾದ ಆಸರೆ ಕೊಡಿ, ಎಣ್ಣೆಯ ಮೇಲೆ ನಂಬಿಕೆಯಿಟ್ಟು ಕೆಳಗೆ ಹೋಗಬೇಡಿ. ಸಣ್ಣ ರಂಧ್ರದ ಸೋರಿಕೆಯನ್ನು ಎಂದಿಗೂ ಕೈಯಿಂದ ಹುಡುಕಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಆ ಎಣ್ಣೆಯ ಎಳೆ ಕೈಗವಸನ್ನೂ ಚರ್ಮವನ್ನೂ ತೂರಿ ಒಳಗೆ ಹೋಗುತ್ತದೆ. ಮೇಲೆ ಸೂಜಿ ಚುಚ್ಚಿದಷ್ಟೇ ಗುರುತು, ಮೊದಲು ನೋವೂ ಹೆಚ್ಚಿರುವುದಿಲ್ಲ, ಒಳಗೆ ಮಾಂಸ ಸಾಯತೊಡಗಿರುತ್ತದೆ. ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳಬೇಕಾಗಬಹುದು. ಯಾರಿಗಾದರೂ ಹೀಗಾದರೆ ಅರಿಶಿನ ಹಚ್ಚಿ ಕೂರಿಸಬೇಡಿ. ನೇರವಾಗಿ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ, ಒತ್ತಡದ ಎಣ್ಣೆ ಕೈಯೊಳಗೆ ಹೋಗಿದೆ ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಿ, ಎಣ್ಣೆಯ ಹೆಸರನ್ನೂ ತಿಳಿಸಿ.