ಪಾಸ್‌ಬುಕ್ ಬಾಡಿಗೆಗೆ ಕೊಡಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ದೇಶದ ಗಡಿ ಕಾಯುವುದರ ಬಗ್ಗೆ, ಗಡಿ ದಾಟುವ ಅಪರಾಧಗಳ ಬಗ್ಗೆ ಮಾತಾಡಿ ಅಂತ ಚಿತ್ರದುರ್ಗದ ಆಕಾಶವಾಣಿಯವರು ಕರೆದಿದ್ದಾರೆ. ನಾನು ದಾವಣಗೆರೆಯವನು, ಪೊಲೀಸ್ ಇಲಾಖೆಯಿಂದ ನಿವೃತ್ತನಾದವನು. ಕೊನೆಯ ಕೆಲವು ವರ್ಷ ಸೈಬರ್ ಪ್ರಕರಣಗಳನ್ನೇ ನೋಡಿದೆ. ಇವತ್ತು ಒಂದೇ ಮಾತು ಹೇಳುತ್ತೇನೆ: ನಿಮ್ಮ ಬ್ಯಾಂಕ್ ಖಾತೆಯನ್ನು ಯಾರಿಗೂ ಬಾಡಿಗೆಗೆ ಕೊಡಬೇಡಿ.

ಗಡಿಗೂ ಪಾಸ್‌ಬುಕ್ಕಿಗೂ ಏನು ಸಂಬಂಧ ಅಂತೀರಾ? ನಮ್ಮ ನೆಲದ ಗಡಿ 15 ಸಾವಿರ ಕಿಲೋಮೀಟರಿಗೂ ಜಾಸ್ತಿ. ಪಾಕಿಸ್ತಾನ, ಬಾಂಗ್ಲಾದೇಶದ ಕಡೆ ಬಿಎಸ್‌ಎಫ್ ಇದೆ. ನೇಪಾಳ, ಭೂತಾನ್ ಕಡೆ ಎಸ್‌ಎಸ್‌ಬಿ. ಮ್ಯಾನ್ಮಾರ್ ಕಡೆ ಅಸ್ಸಾಂ ರೈಫಲ್ಸ್. ಆದರೆ ಕಾಂಬೋಡಿಯಾದಲ್ಲಿ ಕೂತು ಫೋನ್ ಮಾಡುವ ಕಳ್ಳ ಆ ಬೇಲಿಯ ಹತ್ತಿರಕ್ಕೂ ಬರುವುದಿಲ್ಲ. ಅವನಿಗೆ ಬೇಕಾದ್ದು ಇಲ್ಲಿನ ಒಂದು ಖಾತೆ, ಒಂದು ಸಿಮ್. ವಿದೇಶದ ಖಾತೆ ಕೊಟ್ಟರೆ ಯಾರು ದುಡ್ಡು ಹಾಕುತ್ತಾರೆ ಹೇಳಿ?

ಜಗಳೂರು ತಾಲ್ಲೂಕಿನ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಡಿಗ್ರಿ ಮುಗಿಸಿದ್ದ, ಕೆಲಸ ಇರಲಿಲ್ಲ. ದಾವಣಗೆರೆಗೆ ಬಂದಾಗ ಪರಿಚಯದವನೊಬ್ಬ ಬೆಣ್ಣೆ ದೋಸೆ ತಿನ್ನಿಸಿ ಕೇಳಿದ: 'ಒಂದು ಅಕೌಂಟ್ ಕೊಡು, ತಿಂಗಳಿಗೆ ಎಂಟು ಸಾವಿರ ಕೊಡ್ತೀನಿ. ಗೇಮಿಂಗ್ ಕಂಪನಿ ದುಡ್ಡು, ಏನೂ ಆಗಲ್ಲ.' ಹುಡುಗ ಅಮ್ಮನ ಪಾಸ್‌ಬುಕ್, ಎಟಿಎಂ ಕಾರ್ಡ್ ಕೊಟ್ಟ. ಅಮ್ಮನ ಹೆಸರಲ್ಲೇ ಹೊಸ ಸಿಮ್ ತೆಗೆಸಿ ಅದನ್ನೂ ಕೊಟ್ಟ. ಆಕೆಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತಿದ್ದ ಖಾತೆ ಅದು.

ಒಂದೂವರೆ ತಿಂಗಳಾದ ಮೇಲೆ ಬೇರೆ ರಾಜ್ಯದ ಪೊಲೀಸರು ಬಂದರು. ಅವರ ಜೊತೆ ನಾನೂ ಹೋಗಿದ್ದೆ. ಆ ತಾಯಿ ಅಂಗಳದಲ್ಲಿ ಮೆಕ್ಕೆಜೋಳ ಹರವುತ್ತಿದ್ದರು. ಅವರ ಖಾತೆಗೆ ಒಂದು ಮಧ್ಯಾಹ್ನ 11 ಲಕ್ಷ ಬಂದು, ಅರ್ಧ ಗಂಟೆಯಲ್ಲಿ ಅಷ್ಟೂ ಹೋಗಿತ್ತು. ಬ್ಯಾಂಕಿನ ಕಾಗದ ತೋರಿಸಿದೆವು. ಅವರಿಗೆ ಓದಲು ಬರುವುದಿಲ್ಲ. ಇದರ ಹಿಂದಿರುವವರು ಕಾಂಬೋಡಿಯಾದಲ್ಲಿದ್ದಾರೆ ಅಂದೆ. 'ಅದು ಯಾವ ಕಡೆ ಬರ್ತೈತಿ ಸಾಹೇಬ್ರೆ? ನಾನು ಹರಪನಹಳ್ಳಿ ದಾಟಿ ಹೋದಾಕಿ ಅಲ್ಲ' ಅಂದರು. ಆಮೇಲೆ ಮಗನ ಕಡೆ ತಿರುಗಿದರು. ಅವನು ತಲೆ ಎತ್ತಲಿಲ್ಲ. ಅವರು ಒಂದು ಮಾತೂ ಬೈಯಲಿಲ್ಲ. ಒಳಗೆ ಹೋಗಿ ನಮಗೆಲ್ಲ ಕುಡಿಯಲು ನೀರು ತಂದುಕೊಟ್ಟರು.

ದುಡ್ಡು ಕಳೆದುಕೊಂಡವರು ಒಬ್ಬ ನಿವೃತ್ತ ಮೇಷ್ಟ್ರು. ಪೊಲೀಸರ ಸೋಗಿನಲ್ಲಿ ಫೋನ್ ಮಾಡಿ, 'ಡಿಜಿಟಲ್ ಅರೆಸ್ಟ್ ಆಗಿದ್ದೀರಿ' ಅಂತ ಹೆದರಿಸಿ ಅವರನ್ನು ಇಡೀ ದಿನ ವಿಡಿಯೊ ಕರೆಯಲ್ಲಿ ಕೂರಿಸಿದ್ದರು. ಅಂಥ ಅರೆಸ್ಟ್ ನಮ್ಮ ಕಾನೂನಿನಲ್ಲೇ ಇಲ್ಲ! ಎಷ್ಟು ಸಲ ಹೇಳಬೇಕೋ ಗೊತ್ತಾಗುವುದಿಲ್ಲ. ಆ ತಾಯಿಯ ಖಾತೆ ಫ್ರೀಜ್ ಆಯಿತು, ಗೃಹಲಕ್ಷ್ಮಿ ದುಡ್ಡೂ ಅದರಲ್ಲೇ ಸಿಕ್ಕಿಕೊಂಡಿತು. ಹುಡುಗ ಜೈಲು ಕಂಡ. ಈಗ ವಾಯಿದೆಗೆ ಬೇರೆ ರಾಜ್ಯಕ್ಕೆ ಓಡಾಡುತ್ತಾನೆ. ಒಂದು ಪಾಸ್‌ಬುಕ್ ಕೊಟ್ಟಿದ್ದಕ್ಕೆ.

'ಇಂಟರ್‌ಪೋಲ್ ಇದೆಯಲ್ಲ ಸಾರ್?' ಅಂತ ಕಾಲೇಜಿನಲ್ಲಿ ಹುಡುಗರು ಕೇಳುತ್ತಾರೆ. ಇದೆ. ಬೇರೆ ಬೇರೆ ದೇಶಗಳ ಪೊಲೀಸರನ್ನು ಜೋಡಿಸುವ ಸಂಸ್ಥೆ ಅದು. ಫ್ರಾನ್ಸ್‌ನಲ್ಲಿ ಕಚೇರಿ, 196 ಸದಸ್ಯ ದೇಶಗಳು. ನಮ್ಮ ದೇಶದಿಂದ ಅವರೊಡನೆ ವ್ಯವಹರಿಸುವುದು ಸಿಬಿಐ. ಆದರೆ ಇಂಟರ್‌ಪೋಲಿನವರು ಜೀಪು ಹತ್ತಿ ಬಂದು ಯಾರನ್ನೂ ಹಿಡಿಯುವುದಿಲ್ಲ. ರೆಡ್ ನೋಟಿಸ್ ಅಂದರೆ 'ಇಂಥವನು ನಮಗೆ ಬೇಕು, ಸಿಕ್ಕರೆ ಹಿಡಿದಿಟ್ಟು ತಿಳಿಸಿ' ಅನ್ನುವ ಕೋರಿಕೆ. ಹಿಡಿಯಬೇಕಾದವರು ಆಯಾ ದೇಶದ ಪೊಲೀಸರೇ. ಅಲ್ಲಿಂದ ಸಾಕ್ಷ್ಯ ತರಿಸಬೇಕೆಂದರೆ ನಮ್ಮ ಕೋರ್ಟಿನ ಪತ್ರ ದೆಹಲಿ ಮೂಲಕ ಆ ದೇಶಕ್ಕೆ ಹೋಗಬೇಕು. ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ದುಡ್ಡು ಐದಾರು ಖಾತೆ ದಾಟಿ, ಕ್ರಿಪ್ಟೊ ಅನ್ನುವ ಇಂಟರ್‌ನೆಟ್ ಹಣವಾಗಿ, ದೇಶವನ್ನೇ ಬಿಟ್ಟಿರುತ್ತದೆ. ಅದನ್ನು ತಡೆಯಲು ಆಗುವುದು ಮೊದಲ ಖಾತೆಯಲ್ಲೇ. ಆ ಮೊದಲ ಖಾತೆ ನಿಮ್ಮದು. ಅದಕ್ಕೇ ಮತ್ತೆ ಹೇಳುತ್ತೇನೆ, ಖಾತೆ ಕೊಡಬೇಡಿ.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ ಅಂತ ಹುಡುಗರನ್ನು ಕರೆದೊಯ್ದು, ಮ್ಯಾನ್ಮಾರಿನ ಮ್ಯಾವಡ್ಡಿಯಲ್ಲಿ ಕೂಡಿಹಾಕಿ, ಇವೇ ಮೋಸದ ಕರೆಗಳನ್ನು ಮಾಡಿಸುತ್ತಾರೆ. 2025ರ ಮಾರ್ಚ್‌ನಲ್ಲಿ ಹೀಗೆ ಸಿಕ್ಕಿಬಿದ್ದ 500ಕ್ಕೂ ಹೆಚ್ಚು ಭಾರತೀಯರನ್ನು ಥಾಯ್ಲೆಂಡಿನ ಮೂಲಕ ವಾಯುಪಡೆಯ ವಿಮಾನಗಳಲ್ಲಿ ಕರೆತಂದರು. ವಿದೇಶದ ಕೆಲಸ ಅಂದ ಕೂಡಲೇ ಹೊರಡಬೇಡಿ. ಏಜೆಂಟ್ ನೋಂದಣಿ ಆಗಿದ್ದಾನಾ ಅಂತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ.

ಇಂಥ ಮೋಸದಲ್ಲಿ ದುಡ್ಡು ಹೋದರೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾಳೆ ಬೆಳಿಗ್ಗೆ ಅಲ್ಲ, ಆ ಕ್ಷಣವೇ. ಖಾತೆಯನ್ನು ಈಗಾಗಲೇ ಕೊಟ್ಟುಬಿಟ್ಟಿದ್ದರೆ ಇವತ್ತೇ ಬ್ಯಾಂಕಿಗೆ ಹೋಗಿ ನಿಲ್ಲಿಸಿ, ಸೈಬರ್ ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಬಂದು ಹೇಳಿ. ಪಾಸ್‌ಬುಕ್ ಕೊಟ್ಟ ವಾರದಲ್ಲೇ ಆ ಹುಡುಗನಿಗೆ ಅನುಮಾನ ಬಂದಿತ್ತಂತೆ. ಹೆದರಿ ಸುಮ್ನಿದ್ದ. ಮೇಷ್ಟ್ರ ದುಡ್ಡು ಹೋಗಿದ್ದು ಅದಾದ ನಾಲ್ಕು ದಿನಕ್ಕೆ.

ನಮಸ್ಕಾರ.